ಅಂಗಕ್ಕೆ ಫಲವುಂಟೆ?

ಕರ್ಮಕ್ಕೆ ಫಲವುಂಟೆಂಬ ವಿಷಯದಲ್ಲಿ, ವೇದದ ಕರ್ಮವಿಧಿಗಳನ್ನು ವಿಚಾರಮಾಡಿದ ನಮ್ಮ ಮೀಮಾಂಸಕರಿಗೆ ಸಂದೇಹವಿರಲಿಲ್ಲ. ಅವರನ್ನು ಬಹುಕಾಲ ಕಾಡಿದುದು, ಕರ್ಮವೆಂಬುದು ಅನೇಕ ಅವಯವಗಳ ಸಮುದಾಯವಾಗಿರುವಾಗ ಆ ಫಲವು ಯಾವುದಕ್ಕೆ ಸಲ್ಲತಕ್ಕದ್ದೆಂಬ ಪ್ರಶ್ನೆ. ಯಾಗದಲ್ಲಿ ಆಹುತಿಯನ್ನು ಹಾಕುವ ಜುಹೂ ಎಂಬ ಮರದ ಸೌಟು ಮುತ್ತುಗದ ಮರದಿಂದ ಆಗಿರಬೇಕೆಂದು ವೇದ ಹೇಳುತ್ತದೆ. ಅಷ್ಟಕ್ಕೆ ನಿಲ್ಲದೆ, ಅಂಥ ಸೌಟುಳ್ಳವನ ಕಿವಿಗೆ ಅಪಕೀರ್ತಿಯ ಮಾತು ಬೀಳುವುದಿಲ್ಲವೆಂದೂ ಹೇಳುತ್ತದೆ. ಯಾಗದ ಫಲಕ್ಕಿಂತ ಬೇರೆಯಾದ ಈ ಫಲವು ಸೌಟೊಂದರಿಂದಲೇ ಒದಗುವುದೆ? ಮೀಮಾಂಸೆಯ ಮೂಲಗ್ರಂಥವಾದ ಜೈಮಿನಿಯ ಸೂತ್ರಗಳ ನಾಲ್ಕನೆಯ ಅಧ್ಯಾಯದಲ್ಲಿ ಈ ಸಂಶಯಕ್ಕೆ ದೊರೆಯುವ ನಿರ್ಣಯ ಕಠಿನವಾದುದು: ದ್ರವ್ಯವಾಗಲಿ, ಸಂಸ್ಕಾರವಾಗಲಿ, ಸಹಾಯಕವಾದ ಕರ್ಮವಾಗಲಿ ಪರಾರ್ಥವಾಗಿ ಇರತಕ್ಕವು, ಎಂದರೆ ಮತ್ತೊಂದರ ಸಲುವಾಗಿ ಇರತಕ್ಕವು, ಆದುದರಿಂದ ಅವುಗಳ ವಿಷಯದಲ್ಲಿ ಕೇಳಿಬರುವ ಫಲಶ್ರುತಿ ಕೇವಲ ಅರ್ಥವಾದ, ಪ್ರಶಂಸೆಯ ನುಡಿ. ಸಹಾಯಕವಾದ ಅಂಗವು ಪ್ರಧಾನವಾದ ಅಂಗಿಯ ಫಲದಲ್ಲಿ ಪಾಲುಗೊಳ್ಳುವುದೇ ಹೊರತು ತಾನಾಗಿ ಬೇರೊಂದು ಫಲವನ್ನು ಕೊಡದು.

ಈ ನಿರ್ಣಯದ ಬೆಲೆ ಯಜ್ಞಶಾಲೆಯೊಳಗೆ ಮುಗಿದುಹೋಗುವಂಥದಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೋಟಾರು ಬಿಡಿಭಾಗಗಳನ್ನು ಮಾರುವ ಅಂಗಡಿಗಳ ಸಾಲಿನಲ್ಲಿ, ಆಗತಾನೆ ಟರ್ಬೊ ಕಾರನ್ನು ಕೊಂಡ ಯುವಕರು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುವ ವಸ್ತುವೊಂದಿದೆ: ಎಣ್ಣೆ ಸವರಿದ ಕೆಂಪು ಹತ್ತಿಬಟ್ಟೆಯ ಮಡಿಕೆಗಳುಳ್ಳ, ಶಂಕುವಿನ ಆಕಾರದ ಏರ್ ಫಿಲ್ಟರು, ಅದಕ್ಕೆ ಜೋಡಿಸಿದ ಮಿರುಗುವ ಅಗಲವಾದ ಕೊಳವೆ. ಕಾರಿನೊಡನೆ ಬಂದ ಕಪ್ಪು ಪ್ಲಾಸ್ಟಿಕ್ಕಿನ ಏರ್‌ಬಾಕ್ಸನ್ನು ಕಳಚಿ ಇದನ್ನು ಕೂರಿಸಿದರೆ ಪಿಕಪ್ ಹೆಚ್ಚುವುದೆಂದೂ, ಇಷ್ಟು ಕುದುರೆಶಕ್ತಿ ಅಧಿಕವಾಗುವುದೆಂದೂ ಡಬ್ಬದ ಮೇಲೆ ಅಚ್ಚಾಗಿರುತ್ತದೆ. ಅದನ್ನು ಕೊಳ್ಳುವುದು ಸಾರ್ಥಕವೆ ಎಂಬುದು ಗ್ಯಾರೇಜಿನಲ್ಲಿ ತೀರ್ಮಾನವಾಗಬೇಕಾದ ಅಲ್ಪ ಪ್ರಶ್ನೆಯೆಂದು ತಳ್ಳಿಹಾಕುವವರುಂಟು. ನನಗೆ ಹಾಗೆ ತೋರುವುದಿಲ್ಲ. ನಮಗೆ ಒಳ್ಳೆಯದಾಯಿತೆಂದು ನಾವು ಹೇಗೆ ತಿಳಿಯುತ್ತೇವೆ, ಆದ ಒಳ್ಳೆಯದನ್ನು ಯಾವ ಕಾರಣಕ್ಕೆ ಆರೋಪಿಸುತ್ತೇವೆ ಎಂಬ ಎರಡು ದೊಡ್ಡ ಪ್ರಶ್ನೆಗಳು ಈ ಚಿಕ್ಕ ಪ್ರಶ್ನೆಯೊಳಗೆ ಅಡಗಿವೆ. ಚಿಕ್ಕದರಲ್ಲಿ ಸರಿಯಾಗಿ ವಿಚಾರಮಾಡಲಾರದವನು ದೊಡ್ಡದರಲ್ಲಿ ಮಾಡಿಯಾನೆಂಬ ನಂಬಿಕೆ ನನಗಿಲ್ಲ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಟರ್ಬೊ ಇಲ್ಲದ ಎಂಜಿನ್ನಿಗೆ ಗಾಳಿಯನ್ನು ಒಳಕ್ಕೆ ನೂಕುವ ಶಕ್ತಿ ವಾಯುಮಂಡಲದ ಒತ್ತಡವೊಂದೇ. ಕಡಲ ಮಟ್ಟದಲ್ಲಿ ಅದು ಸುಮಾರು 101 ಕಿಲೊಪ್ಯಾಸ್ಕಲ್. ಹಾದಿಯಲ್ಲಿ ಫಿಲ್ಟರು ಅದರಲ್ಲಿ ಕೆಲವು ಕಿಲೊಪ್ಯಾಸ್ಕಲನ್ನು ತಿಂದುಹಾಕಿದರೆ ಆ ನಷ್ಟವನ್ನು ತುಂಬಿಕೊಡುವವರು ಯಾರೂ ಇಲ್ಲ. ಆದುದರಿಂದ ಅಂಥ ಎಂಜಿನ್ನಿನಲ್ಲಿ ಹಾದಿಯನ್ನು ಸಡಿಲಿಸಿದರೆ ಅಲ್ಪವಾದರೂ ನೇರವಾದ ಲಾಭವುಂಟು. ಟರ್ಬೊ ಎಂಜಿನ್ನಿನ ಮಾತು ಬೇರೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯದಂತೆ, ಹೊಗೆಯೊಡನೆ ಪೋಲಾಗುವ ಶಕ್ತಿಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಮತ್ತೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಅದುಮಿ ಎಂಜಿನ್ನಿಗೆ ತುಂಬಲಾಗುತ್ತದೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬಿಲ್ ಮತ್ತು ಷೆವ್ರೊಲೆ ಕಂಪನಿಗಳು ಇದನ್ನು ಜನರು ಕೊಳ್ಳುವ ಕಾರುಗಳಲ್ಲಿ ಅಳವಡಿಸಿದುವು. ಇಂದು ನಮ್ಮ ಊರಿನ ಬೀದಿಗಳಲ್ಲಿ ಓಡಾಡುವ ಒಂದು ಲೀಟರಿನ ಪುಟ್ಟ ಎಂಜಿನ್ನಿಗೂ ಅದು ಬಂದು ಸೇರಿದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತುವ ಈ ಚಕ್ರದಿಂದ ಎಷ್ಟು ಒತ್ತಡ ಬೇಕೆಂದು ಗೊತ್ತುಮಾಡುವುದು ಇಸಿಯು ಎಂಬ ಗಣಕ. ಅದು ಎಂಜಿನ್ನಿನ ಬಾಗಿಲಿನಲ್ಲಿ ಒತ್ತಡವನ್ನು ಅಳೆಯುತ್ತದೆ. ಕಡಿಮೆಯಾದರೆ, ಹೊಗೆಯನ್ನು ಚಕ್ರಕ್ಕೆ ತಾಗದಂತೆ ಹೊರಬಿಡುವ ವೇಸ್ಟ್‌ಗೇಟನ್ನು ಮುಚ್ಚಿ ಚಕ್ರದ ವೇಗವನ್ನು ಹೆಚ್ಚಿಸುತ್ತದೆ, ಹೆಚ್ಚಾದರೆ ತೆರೆದು ತಗ್ಗಿಸುತ್ತದೆ.

ಇದರ ಅರ್ಥವನ್ನು ಮನಗಾಣಬೇಕಾದರೆ ಮಂಗಳೂರಿನಿಂದ ಶಿರಾಡಿ ಘಾಟಿಯನ್ನು ಹತ್ತಿ ಸಕಲೇಶಪುರಕ್ಕೆ ಬರುವ ಕಾರನ್ನು ಗಮನಿಸಿದರೆ ಸಾಕು. ಕಡಲ ತಡಿಯಿಂದ ಒಂಬೈನೂರು ಮೀಟರಿಗೂ ಮೇಲೆ ಏರುವಷ್ಟರಲ್ಲಿ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಇಳಿದು ಸುಮಾರು 91 ಕಿಲೊಪ್ಯಾಸ್ಕಲಿಗೆ ಬಂದಿರುತ್ತದೆ. ಟರ್ಬೊ ಇಲ್ಲದ ಕಾರಿನ ಚಾಲಕ ಇದನ್ನು ಕಾಲಿನಲ್ಲಿಯೇ ಅರಿಯುತ್ತಾನೆ. ಟರ್ಬೊ ಕಾರಿನವನಿಗೆ ಇದರ ಸುಳಿವೂ ಹೆಚ್ಚಾಗಿ ಸಿಕ್ಕುವುದಿಲ್ಲ, ಏಕೆಂದರೆ ಕಡಿಮೆಯಾದುದನ್ನು ಚಕ್ರವು ಇನ್ನಷ್ಟು ವೇಗವಾಗಿ ಸುತ್ತಿ ತುಂಬಿಕೊಟ್ಟಿರುತ್ತದೆ. ಹತ್ತು ಕಿಲೊಪ್ಯಾಸ್ಕಲಿನ ಕೊರತೆಯನ್ನು ಹೀಗೆ ಸದ್ದಿಲ್ಲದೆ ಸರಿದೂಗಿಸುವ ಏರ್ಪಾಡು, ಕಂಪನಿಯ ಫಿಲ್ಟರು ಉಂಟುಮಾಡುವ ಎರಡು ಮೂರು ಕಿಲೊಪ್ಯಾಸ್ಕಲಿನ ತಡೆಯನ್ನು ಸರಿದೂಗಿಸದೆ ಇರುವುದೆ? ಎಂಜಿನ್ನಿನೊಳಗೆ 200 ಕಿಲೊಪ್ಯಾಸ್ಕಲ್ ಬೇಕೆಂದು ಗೊತ್ತಾಗಿದ್ದರೆ, ಚಕ್ರವು 98ರಿಂದ ಹೊರಟರೂ 200ಕ್ಕೇ ತಲುಪಿಸುತ್ತದೆ, 101ರಿಂದ ಹೊರಟರೂ 200ಕ್ಕೇ. ತಲುಪಿಸುವಲ್ಲಿ ಅದಕ್ಕಾಗುವ ಆಯಾಸದಲ್ಲಿ ಮಾತ್ರ ಕಿಂಚಿತ್ ವ್ಯತ್ಯಾಸ. ಬೂಸ್ಟ್, ಎಂದರೆ ಚಕ್ರವು ತುಂಬಿಕೊಡುವ ಒತ್ತಡ, ತುಸು ಬೇಗನೆ ಏರಬಹುದು. ಚಕ್ರದ ಸಾಮರ್ಥ್ಯ ಮುಗಿಯುತ್ತ ಬರುವ ಮೇಲಣ ವೇಗಗಳಲ್ಲಿ ನಾಲ್ಕಾರು ಕುದುರೆಶಕ್ತಿ ಉಳಿಯಲೂಬಹುದು. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಶಂಕುವಿನ ಫಿಲ್ಟರನ್ನು ಬಾನೆಟ್ಟಿನ ಕೆಳಗೆ ಮರೆಯಿಲ್ಲದೆ ಬಿಟ್ಟರೆ ಅದು ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತದೆ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ನೂರಕ್ಕೆ ಮೂರರಷ್ಟು ಕುಗ್ಗುವುದರಿಂದ, ಒಂದು ಕೈಯಿಂದ ಗಳಿಸಿದುದು ಮತ್ತೊಂದು ಕೈಯಿಂದ ಸೋರಿಹೋಗುವ ಸಂಭವ ಬಹಳವಾಗಿದೆ. ಕಂಪನಿಯವರ ಏರ್‌ಬಾಕ್ಸು ಮುಂಭಾಗದ ಜಾಲರಿಯ ಬಳಿಯಿಂದ ತಂಪುಗಾಳಿಯನ್ನು ಮುಚ್ಚಿದ ಹಾದಿಯಲ್ಲಿ ತರುವುದು ಈ ಕಾರಣದಿಂದಲೇ.

ಹೀಗಿರುವಾಗ, ಹಾಕಿಸಿಕೊಂಡವರು ಅನುಭವವನ್ನು ಮುಂದಿಡುತ್ತಾರೆ. 'ಸಾರ್, ಪಿಕಪ್ ಬಂದಿದೆ, ಓಡಿಸಿದರೆ ನಿಮಗೇ ಗೊತ್ತಾಗುತ್ತೆ' ಎಂಬ ಮಾತನ್ನು ನಾನು ಅನಾದರದಿಂದ ಕೇಳಲಾರೆ, ಏಕೆಂದರೆ ಅದನ್ನು ಹೇಳುವವನು ಸುಳ್ಳಾಡುತ್ತಿಲ್ಲ. ಅವನಿಗೆ ಒಂದು ಜ್ಞಾನ ಉಂಟಾಗಿದೆ. ಜ್ಞಾನದ ಪ್ರಾಮಾಣ್ಯ ಎಲ್ಲಿಂದ ಬರುತ್ತದೆಂಬುದು ಮೀಮಾಂಸಕರಿಗೂ ನ್ಯಾಯದರ್ಶನದವರಾದ ನೈಯಾಯಿಕರಿಗೂ ನಡೆದ ಪ್ರಸಿದ್ಧವಾದ ವಾದ. ನೈಯಾಯಿಕನ ಮತದಲ್ಲಿ ಜ್ಞಾನವು ಸತ್ಯವೆಂದು ನಿಶ್ಚಯವಾಗುವುದು ಹೊರಗಿನಿಂದ, ಮುಖ್ಯವಾಗಿ ಅದನ್ನು ನೆಚ್ಚಿ ನಡೆದ ಪ್ರವೃತ್ತಿ ಸಫಲವಾದಾಗ. ನೀರೆಂದು ಕಂಡುದರ ಹತ್ತಿರ ಹೋಗಿ ಬಾಯಾರಿಕೆ ತೀರಿದರೆ ಅದು ನೀರು. ಮೀಮಾಂಸಕನಾದ ಕುಮಾರಿಲಭಟ್ಟನು ಇದನ್ನು ಒಪ್ಪುವುದಿಲ್ಲ. ಪ್ರತಿಯೊಂದು ಜ್ಞಾನಕ್ಕೂ ಮತ್ತೊಂದರ ಸಾಕ್ಷಿ ಬೇಕಾದರೆ ಆ ಸಾಕ್ಷಿಗೆ ಇನ್ನೊಂದು ಸಾಕ್ಷಿ ಬೇಕಾಗಿ ಎಲ್ಲಿಯೂ ನಿಲುಗಡೆಯಿಲ್ಲದಂತಾಗುವುದು; ಆದುದರಿಂದ ಜ್ಞಾನವು ತಾನೇ ಪ್ರಮಾಣ, ಅದನ್ನು ಕೆಡಹುವುದಕ್ಕೆ ಮಾತ್ರ ಕಾರಣ ಬೇಕು ಎನ್ನುತ್ತಾನೆ.

ಅನುಭವವನ್ನು ಹಿಡಿದು ಮಾತನಾಡುವವನಿಗೆ ಕುಮಾರಿಲನಷ್ಟು ಉದಾರನಾದ ನ್ಯಾಯಾಧೀಶ ಮತ್ತೊಬ್ಬನು ದೊರೆಯಲಾರನು. ಆದರೂ ಆ ಉದಾರಿಯು ಎರಡು ಸಂದರ್ಭಗಳಲ್ಲಿ ಅನುಭವವನ್ನು ಕೈಬಿಡುತ್ತಾನೆ: ಬಾಧಕವಾದ ಮತ್ತೊಂದು ಜ್ಞಾನ ಎದುರಾದಾಗ, ಮತ್ತು ಜ್ಞಾನವನ್ನು ಹುಟ್ಟಿಸಿದ ಕಾರಣದಲ್ಲಿಯೇ ದೋಷ ಕಂಡುಬಂದಾಗ. ನಮ್ಮ ವಿಷಯದಲ್ಲಿ ಎರಡೂ ಇವೆ. ಕಾರಿನ ಗಾಲಿಗಳನ್ನು ಉರುಳೆಯ ಮೇಲೆ ನಿಲ್ಲಿಸಿ ಶಕ್ತಿಯನ್ನು ಅಳೆಯುವ ಡೈನೊ ಯಂತ್ರದಲ್ಲಿ, ಏನನ್ನೂ ಬದಲಿಸದೆ ಅದೇ ಕಾರನ್ನು ಎರಡು ಸಲ ಓಡಿಸಿದರೂ, ಅದುಮಿದ ಗಾಳಿಯನ್ನು ತಂಪುಮಾಡುವ ಇಂಟರ್‌ಕೂಲರ್ ಮೊದಲ ಓಟದಲ್ಲಿ ಕಾದಿದ್ದರಿಂದಲೋ ಹೊರಗಿನ ಬಿಸಿಲು ಏರಿದ್ದರಿಂದಲೋ ಅಂಕಿಗಳು ನೂರಕ್ಕೆ ಒಂದೆರಡು ಪಾಲು ಹಿಂದುಮುಂದಾಗುತ್ತವೆ. ಕೊಳವೆಯನ್ನು ಬದಲಿಸಿದ್ದರಿಂದ ಬಂದಿತೆನ್ನುವ ಹೆಚ್ಚಳ ಅನೇಕ ವೇಳೆ ಈ ಏರಿಳಿತದೊಳಗೇ ಮುಳುಗಿಹೋಗುವಂಥದು. ಇದು ಬಾಧಕಜ್ಞಾನ. ಕಾರಣದೋಷವಾದರೋ ಕಿವಿಯಲ್ಲಿದೆ. ಕಂಪನಿಯ ಏರ್‌ಬಾಕ್ಸಿನಲ್ಲಿ ಸದ್ದನ್ನು ಅಡಗಿಸುವುದಕ್ಕೆಂದೇ ಮಾಡಿದ ಕೋಣೆಗಳಿರುತ್ತವೆ. ಅವುಗಳನ್ನು ಕಿತ್ತೊಡನೆ, ಅದುವರೆಗೂ ಮರೆಯಾಗಿದ್ದ ಟರ್ಬೊ ಚಕ್ರದ ಸಿಳ್ಳೂ, ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಹಿಂದಿರುಗುವ ಗಾಳಿಯ ನಿಟ್ಟುಸಿರೂ ಒಳಗೆ ಕುಳಿತವನಿಗೆ ಸ್ಪಷ್ಟವಾಗಿ ಕೇಳಿಸತೊಡಗುತ್ತವೆ. ಸದ್ದು ಹೆಚ್ಚಿದಾಗ ವೇಗವೂ ಹೆಚ್ಚಿತೆಂದು ಊಹಿಸುವುದು ಮನಸ್ಸಿಗೆ ಹುಟ್ಟುಗುಣ. ಇದರ ಮೇಲೆ ಖರ್ಚುಮಾಡಿದ ಹಣವು ವ್ಯರ್ಥವಾಗಬಾರದೆಂಬ ಆಸೆಯೂ ಕೂಡಿಕೊಂಡರೆ, ಆ ಊಹೆ ಪ್ರತ್ಯಕ್ಷವೆಂಬ ವೇಷವನ್ನೇ ಧರಿಸಿ ಬರುತ್ತದೆ.

ಹಾಗೆಂದು ಡಬ್ಬದ ಮೇಲಿನ ಬರಹವನ್ನು ವಂಚನೆಯೆಂದು ಒಮ್ಮೆಗೇ ಕರೆದುಬಿಡುವುದೂ ಸರಿಯಲ್ಲ. ಮೀಮಾಂಸಕನು ಅರ್ಥವಾದವನ್ನು ಸುಳ್ಳೆಂದು ಎಸೆಯಲಿಲ್ಲ. ವಿಧಿಯೊಡನೆ, ಎಂದರೆ ಇದನ್ನು ಮಾಡಬೇಕೆಂಬ ಆಜ್ಞೆಯೊಡನೆ, ಕೂಡಿದಾಗ ಅದಕ್ಕೊಂದು ಕೆಲಸವುಂಟೆಂದೂ, ವಿಧಿಯಿಂದ ಬೇರ್ಪಡಿಸಿ ಅದನ್ನೇ ಹಿಡಿದುಕೊಂಡಾಗ ಅದು ದಾರಿತಪ್ಪಿಸುವುದೆಂದೂ ಅವನು ಕಂಡುಕೊಂಡಿದ್ದನು. ಇಲ್ಲಿಯೂ ಅದೇ ನಡೆಯುತ್ತದೆ. ಇಸಿಯುವಿನ ಲೆಕ್ಕಾಚಾರವನ್ನೇ ಬದಲಿಸಿ, ಅಂದರೆ ರೀಮ್ಯಾಪ್ ಮಾಡಿಸಿ, ಬೂಸ್ಟನ್ನು ಬಹಳವಾಗಿ ಹೆಚ್ಚಿಸಿ, ಇನ್ನೂ ದೊಡ್ಡ ಟರ್ಬೊವನ್ನು ಕೂರಿಸಿ, ಅದಕ್ಕೆ ತಕ್ಕ ಇಂಟರ್‌ಕೂಲರನ್ನೂ ಕ್ಲಚ್ಚನ್ನೂ ಒದಗಿಸಿದ ಕಾರಿನಲ್ಲಿ ಎಂಜಿನ್ನಿಗೆ ಬೇಕಾಗುವ ಗಾಳಿಯ ಪ್ರಮಾಣವೇ ಬೇರೆಯಾಗುತ್ತದೆ. ಹಾದಿಯ ತಡೆಯು ಹರಿವಿನ ವರ್ಗದಂತೆ ಬೆಳೆಯುವುದರಿಂದ, ಹರಿವು ಇಮ್ಮಡಿಯಾದರೆ ತಡೆ ಹೆಚ್ಚುಕಡಿಮೆ ನಾಲ್ಮಡಿಯಾಗುತ್ತದೆ. ಮೂರು ಕಿಲೊಪ್ಯಾಸ್ಕಲ್ ಇದ್ದುದು ಹನ್ನೆರಡಾದಾಗ, ಮೊದಲೇ ತನ್ನ ಶಕ್ತಿಯ ಎಲ್ಲೆಯಲ್ಲಿ ತಿರುಗುತ್ತಿರುವ ಚಕ್ರಕ್ಕೆ ಅದನ್ನು ತುಂಬಿಕೊಡುವ ತ್ರಾಣವಿರುವುದಿಲ್ಲ. ಆಗ ಅಗಲವಾದ ಕೊಳವೆ ವಿಲಾಸವಲ್ಲ, ಅವಶ್ಯಕ. ಅಂಗಿಯು ಬದಲಾದುದರಿಂದ ಅಂಗಕ್ಕೆ ಸ್ಥಾನ ದೊರೆಯಿತು. ಆ ಕಾರಿನವನಿಗೂ ಡೈನೊದಲ್ಲಿ ಕಂಡ ಮೂವತ್ತೋ ನಲವತ್ತೋ ಕುದುರೆಶಕ್ತಿಯು ಕೊಳವೆಯಿಂದ ಬಂದುದಲ್ಲ. ಸಮಗ್ರ ಪ್ರಯೋಗದಿಂದ ಬಂದುದು, ಕೊಳವೆ ಅದಕ್ಕೆ ಅಡ್ಡಿಯಾಗದೆ ಉಳಿದುದು. ಅವನ ಫಲವನ್ನು ಕಂಡು, ಬೇರೇನನ್ನೂ ಮಾಡದೆ ಕೊಳವೆಯನ್ನು ಮಾತ್ರ ಕೊಂಡು ತರುವವನು ಸೌಟನ್ನು ಹಿಡಿದು ಯಾಗದ ಫಲವನ್ನು ಬೇಡುತ್ತಿದ್ದಾನೆ.

ಅಂಗವನ್ನು ಬದಲಿಸುವವನು, ಅದು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ಸಂಡೂರಿನ ಅದಿರು ಲಾರಿಗಳ ಹಾದಿಯಲ್ಲಿ ಓಡಿಯಾಡಿದ ಕಾರಿನ ಏರ್‌ಬಾಕ್ಸಿನ ಕ್ಲಿಪ್ಪುಗಳನ್ನು ಸಡಿಲಿಸಿ ಮುಚ್ಚಳವನ್ನೆತ್ತಿ, ಕಾಗದದ ಫಿಲ್ಟರನ್ನು ಹೊರತೆಗೆದು ಬಿಳಿಯ ಬಟ್ಟೆಯ ಮೇಲೆ ಮೆಲ್ಲನೆ ತಟ್ಟಿದರೆ, ಮಡಿಕೆ ಮಡಿಕೆಗಳಿಂದ ಕುಂಕುಮದಷ್ಟು ನಯವಾದ ಕೆಂಧೂಳು ಉದುರುತ್ತದೆ. ಫಿಲ್ಟರಿನ ಆಚೆಯ ಬದಿಯಲ್ಲಿ, ಟರ್ಬೊದ ಕಡೆಗೆ ಹೋಗುವ ಕೊಳವೆಯ ಒಳಮೈಯನ್ನು ಬೆರಳಿನಿಂದ ಒರೆಸಿ ನೋಡಿದರೆ ಬೆರಳು ಶುಚಿಯಾಗಿಯೇ ಇರುತ್ತದೆ. ಒಳ್ಳೆಯ ಕಾಗದದ ಫಿಲ್ಟರು ಪರೀಕ್ಷೆಯ ಧೂಳಿನಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಪಾಲನ್ನು ತಡೆಹಿಡಿಯುತ್ತದೆ. ಮತ್ತೊಂದು ಫಿಲ್ಟರು ಗಾಳಿಯನ್ನು ಸಲೀಸಾಗಿ ಬಿಡುವ ಆತುರದಲ್ಲಿ 97 ಪಾಲನ್ನು ಮಾತ್ರ ಹಿಡಿದರೆ, ನೋಡುವುದಕ್ಕೆ ಎರಡೇ ಪಾಲಿನ ವ್ಯತ್ಯಾಸವಾದರೂ ಒಳಹೊಗುವ ಧೂಳು ಒಂದು ಪಾಲಿದ್ದುದು ಮೂರು ಪಾಲಾಗುತ್ತದೆ. ಲಕ್ಷಾಂತರ ಸುತ್ತಿನ ವೇಗದಲ್ಲಿರುವ ಚಕ್ರದ ಅಲಗುಗಳನ್ನೂ, ಸಿಲಿಂಡರಿನ ಗೋಡೆಗಳನ್ನೂ ಆ ಧೂಳು ದಿನದಿನಕ್ಕೆ ತೇಯುತ್ತದೆ. ತೇದುದು ಯಾವ ದಿನವೂ ಕಣ್ಣಿಗೆ ಬೀಳುವುದಿಲ್ಲ. ಎಣ್ಣೆ ಸವರಿದ ಬಟ್ಟೆಯ ಫಿಲ್ಟರನ್ನು ತೊಳೆದು ಮತ್ತೆ ಎಣ್ಣೆ ಹಾಕುವಾಗ ಕೈ ಸ್ವಲ್ಪ ಧಾರಾಳವಾದರೆ, ಗಾಳಿಯನ್ನು ಅಳೆಯುವ ಸೆನ್ಸರಿನ ಕಾದ ತಂತಿಯ ಮೇಲೆ ಜಿಡ್ಡು ಕೂತು ಇಸಿಯುವಿಗೆ ತಪ್ಪು ಲೆಕ್ಕ ಹೋಗುವುದೂ ಉಂಟು. ಲಾಭವು ಕಿವಿಗೆ ಕೂಡಲೇ ಕೇಳಿಸುವಂಥದಾಗಿ, ನಷ್ಟವು ವರ್ಷಗಳ ಮೇಲೆ ಮೌನವಾಗಿ ಕೂಡಿಬರುವಂಥದಾಗಿರುವಲ್ಲಿ ಮನುಷ್ಯನ ವಿವೇಕ ಬಹುಬೇಗ ಸೋಲುತ್ತದೆ. ನಾನು ಈ ಕೊಳವೆಯ ವಿರುದ್ಧ ಮಾತನಾಡುವುದಕ್ಕೆ ಕುದುರೆಶಕ್ತಿಯ ಲೆಕ್ಕಕ್ಕಿಂತಲೂ ಇದೇ ಬಲವಾದ ಕಾರಣ.

ಇನ್ನು ಆ ಸದ್ದಿನ ಮಾತು. ಮೈಸೂರಿನ ತತ್ತ್ವಶಾಸ್ತ್ರಜ್ಞ ಎಂ. ಹಿರಿಯಣ್ಣನವರು ಪುರುಷಾರ್ಥಗಳನ್ನು ವಿವೇಚಿಸುತ್ತ, ಅರ್ಥವೆಂಬುದು ಮತ್ತೊಂದಕ್ಕೆ ಸಾಧನವಾಗಿ ಬೆಲೆಯುಳ್ಳದ್ದೆಂದೂ ಕಾಮವೆಂಬುದು ತನ್ನಷ್ಟಕ್ಕೆ ತಾನೇ ಬೆಲೆಯುಳ್ಳದ್ದೆಂದೂ ವಿಂಗಡಿಸಿದ್ದಾರೆ. ಸಿಳ್ಳನ್ನು ಕೇಳಿ ಸಂತೋಷಪಡುವವನ ಸಂತೋಷ ಯಾವ ಡೈನೊದಿಂದಲೂ ಬಾಧಿತವಾಗುವಂಥದಲ್ಲ. ಅದು ಪ್ರತ್ಯಕ್ಷ, ಅದು ಅವನದು, ಅದಕ್ಕೆ ಅವನು ಬೆಲೆ ಕೊಡುವುದರಲ್ಲಿ ದೋಷವೇನೂ ಇಲ್ಲ. ಧರ್ಮಕ್ಕೆ ವಿರೋಧವಿಲ್ಲದ ಕಾಮವನ್ನು ನಮ್ಮ ಹಿರಿಯರು ನಿಂದಿಸಲಿಲ್ಲ. ನನ್ನ ಆಕ್ಷೇಪಣೆ ಆ ಸಂತೋಷಕ್ಕೆ ಶಕ್ತಿಯೆಂಬ ಹೆಸರಿಡುವುದಕ್ಕೆ ಮಾತ್ರ. ಕಾಮವನ್ನು ಅರ್ಥವೆಂದು ಕರೆದುಕೊಂಡವನು ಎರಡನ್ನೂ ಸರಿಯಾಗಿ ತೂಗಲಾರನು: ಸಂತೋಷಕ್ಕೆಂದು ಎಷ್ಟು ತೆರಬಹುದೆಂದು ಅವನು ಕೇಳಿಕೊಳ್ಳುವುದೇ ಇಲ್ಲ, ಏಕೆಂದರೆ ತಾನು ತೆತ್ತದ್ದು ಪ್ರಯೋಜನಕ್ಕೆಂದೇ ಅವನ ಭಾವನೆ, ಪ್ರಯೋಜನ ದೊರೆಯಿತೆ ಎಂದೂ ಅಳೆಯುವುದಿಲ್ಲ, ಏಕೆಂದರೆ ಸಂತೋಷ ದೊರೆತಿದೆ. ಸದ್ದಿಗಾಗಿಯೇ ಕೊಳ್ಳುವೆನೆಂದು ತನಗೆ ತಾನೇ ತಿಳಿಯಹೇಳಿಕೊಂಡವನಾದರೋ ಅಂಗಡಿಯಲ್ಲಿ ಬೇರೆಯ ಪ್ರಶ್ನೆಗಳನ್ನು ಕೇಳುತ್ತಾನೆ: ಇದು ಧೂಳನ್ನು ಎಷ್ಟು ಹಿಡಿಯುತ್ತದೆ, ಮುಚ್ಚಿದ ಪೆಟ್ಟಿಗೆಯೊಳಗೆ ಕೂರುವಂಥದು ಇದೆಯೆ, ತಂಪುಗಾಳಿ ಎಲ್ಲಿಂದ ಬರುತ್ತದೆ, ವಾರಂಟಿಗೆ ತೊಡಕಾದೀತೆ. ಈ ಪ್ರಶ್ನೆಗಳಿಗೆ ಸಮರ್ಪಕವಾದ ಉತ್ತರ ದೊರೆತರೆ ಅವನು ಕೊಳ್ಳಲಿ. ಎಂಜಿನ್ನಿನಲ್ಲಿ ಬೇರೆ ಏನನ್ನೂ ಬದಲಿಸುವ ಉದ್ದೇಶವಿಲ್ಲದೆ ಶಕ್ತಿಯನ್ನೇ ಅರಸುವವನಿಗೆ ನಾನು ಕೊಡಬಹುದಾದ ಸಲಹೆ, ಅದೇ ಹಣದಲ್ಲಿ ಕಂಪನಿಯ ಕಾಗದದ ಫಿಲ್ಟರುಗಳನ್ನು ಕೊಂಡಿಟ್ಟುಕೊಂಡು, ಕೈಪಿಡಿಯಲ್ಲಿ ಹೇಳಿದ ಅವಧಿಗೆ ತಪ್ಪದೆ, ಅದಿರಿನ ಹಾದಿಯಲ್ಲಿ ಓಡಾಡುವವನಾದರೆ ಅದಕ್ಕೂ ಮುಂಚೆಯೇ, ಹಳೆಯದನ್ನು ತೆಗೆದು ಹೊಸದನ್ನು ಹಾಕಿಸುತ್ತಿರಲಿ ಎಂಬುದು.