ಮೈಲೇಜ್ ಕೇಳುವುದಕ್ಕೆ ಮೊದಲು



ಯಾರಾದರೂ ಹೊಸ ಬೈಕು ತಂದು ಅಂಗಳದಲ್ಲಿ ನಿಲ್ಲಿಸಿದರೆ ನೆರೆಯವರು ಕೇಳುವುದು ಎರಡೇ ಪ್ರಶ್ನೆ. "ಎಷ್ಟು ಸ್ಪೀಡ್ ಹೋಗುತ್ತೆ? ಮೈಲೇಜ್ ಎಷ್ಟು ಕೊಡುತ್ತೆ?" ಕೋಟಿಗಟ್ಟಲೆ ಬೆಲೆಯ ಸ್ವಂತ ವಿಮಾನ ಕೊಳ್ಳುವವರೂ ಇದೇ ಎರಡು ಪ್ರಶ್ನೆ ಕೇಳುತ್ತಾರೆಂದರೆ ನಿಮಗೆ ನಗು ಬರಬಹುದು. ಆದರೆ ಈ ಪ್ರಶ್ನೆಗಳ ಬೆನ್ನು ಹತ್ತಿ ಸ್ವಲ್ಪ ದೂರ ಹೋದರೆ ಮೂರನೆಯ ಪ್ರಶ್ನೆಯೊಂದು ಎದುರಾಗುತ್ತದೆ. ಅದು ವಿಮಾನವಿಲ್ಲದ ನಿಮಗೂ ನನಗೂ ಸೇರಿದ ಪ್ರಶ್ನೆ.

ಖಾಸಗಿ ವಿಮಾನಗಳಲ್ಲಿ ಎರಡು ಎಂಜಿನ್‌ಗಳ ಟರ್ಬೊಪ್ರಾಪ್ ಎಂಬ ಬಗೆಯೊಂದಿದೆ. ಎಂಜಿನ್ ಜೆಟ್ ಜಾತಿಯದೇ. ಆದರೆ ಅದರ ಶಕ್ತಿಯ ಬಹುಪಾಲು ಪಂಕವನ್ನು, ಅಂದರೆ ಪ್ರೊಪೆಲ್ಲರನ್ನು, ತಿರುಗಿಸುವುದಕ್ಕೆ ಹೋಗುತ್ತದೆ. ಅಮೆರಿಕದ ಬೀಚ್‌ಕ್ರಾಫ್ಟ್ ಕಂಪನಿಯ ಕಿಂಗ್ ಏರ್ ಈ ಬಗೆಯಲ್ಲಿ ಬಹಳ ಹೆಸರಾದದ್ದು. 1964ರಲ್ಲಿ ಮೊದಲು ಹಾರಿದ ಈ ಕುಟುಂಬದ 7,000ಕ್ಕೂ ಹೆಚ್ಚು ವಿಮಾನಗಳು ತಯಾರಾಗಿವೆ. ಅದರಲ್ಲಿ ಕಿಂಗ್ ಏರ್ 350 ಎಂಬುದಕ್ಕೆ ತಲಾ 1,050 ಅಶ್ವಶಕ್ತಿಯ ಎರಡು ಎಂಜಿನ್‌ಗಳು. ಗಂಟೆಗೆ ಹೆಚ್ಚೆಂದರೆ ಸುಮಾರು 575 ಕಿಲೋಮೀಟರ್ ವೇಗ. ಸ್ಥೂಲವಾಗಿ ಹೇಳುವುದಾದರೆ ಗಂಟೆಗೆ 400 ಲೀಟರ್‌ನಷ್ಟು ಇಂಧನ ಬೇಕು. ಆ ಇಂಧನ ಪೆಟ್ರೋಲ್ ಅಲ್ಲ, ನಮ್ಮ ಸೀಮೆಎಣ್ಣೆಯ ಜಾತಿಯದು.

ಇದೇ ಗಾತ್ರದ ಜೆಟ್ ಇದಕ್ಕಿಂತ ವೇಗವಾಗಿ ಹೋಗುತ್ತದೆ, ನಿಜ. ಆದರೆ ಜೆಟ್ ಸ್ವಲ್ಪ ಗಾಳಿಯನ್ನು ಬಹಳ ರಭಸದಿಂದ ಹಿಂದಕ್ಕೆ ಎಸೆದು ಮುಂದೆ ಹೋಗುತ್ತದೆ. ಪಂಕವಾದರೋ ಬಹಳ ಗಾಳಿಯನ್ನು ಮೆಲ್ಲಗೆ ತಳ್ಳುತ್ತದೆ. ಮಧ್ಯಮ ವೇಗದಲ್ಲಿ ಎರಡನೆಯ ದಾರಿಯಲ್ಲೇ ಪೋಲು ಕಡಿಮೆ. 500 ಕಿಲೋಮೀಟರ್ ದೂರದ ಊರಿಗೆ ಹೋಗುವುದಿದೆಯೆಂದುಕೊಳ್ಳಿ. ಗಂಟೆಗೆ 500 ಕಿಲೋಮೀಟರ್ ಹೋಗುವ ಟರ್ಬೊಪ್ರಾಪ್‌ಗೆ ಒಂದು ಗಂಟೆ ಬೇಕು. 750 ಕಿಲೋಮೀಟರ್ ಹೋಗುವ ಜೆಟ್‌ಗೆ 40 ನಿಮಿಷ ಸಾಕು. ಉಳಿದದ್ದು 20 ನಿಮಿಷ. ಆ 20 ನಿಮಿಷಕ್ಕೆ ಎಷ್ಟು ಲೀಟರ್ ಹೆಚ್ಚು ಸುಡಬೇಕು ಎಂಬ ಲೆಕ್ಕವೇ ಕೊಳ್ಳುವವರ ತಲೆಬಿಸಿ.

ವೇಗಕ್ಕೆ ಪ್ರಕೃತಿ ಹಾಕುವ ಸುಂಕ ದುಬಾರಿಯದು. ಜೋರಾಗಿ ಹೋಗುವಾಗ ವೇಗ ಎರಡು ಪಟ್ಟಾದರೆ ಗಾಳಿಯ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ಪೈಲಟ್ ಸ್ವಲ್ಪ ನಿಧಾನವಾಗಿ, ಸ್ವಲ್ಪ ಎತ್ತರದಲ್ಲಿ ಹಾರಿದರೆ ಅದೇ ಟ್ಯಾಂಕಿನ ಇಂಧನದಲ್ಲಿ ವಿಮಾನ ಇನ್ನೂ ಬಹುದೂರ ಹೋಗುತ್ತದೆ.

ಹಾಗಾದರೆ ವೇಗ ಬೇಕೆಂದರೆ ಸುಡುವುದೊಂದೇ ದಾರಿಯೇ? ಅಲ್ಲ. ಇಟಲಿಯ ಪಿಯಾಜ್ಜೊ ಕಂಪನಿಯ ಅವಂತಿ ಎಂಬ ವಿಮಾನ 1986ರಲ್ಲಿ ಮೊದಲು ಹಾರಿತು. ಅದರ ಎಂಜಿನ್‌ಗಳು ತಲಾ 850 ಅಶ್ವಶಕ್ತಿಯವು, ಕಿಂಗ್ ಏರ್ 350ರದ್ದಕ್ಕಿಂತ ಕಡಿಮೆ. ಆದರೂ ಅದು ಗಂಟೆಗೆ 740 ಕಿಲೋಮೀಟರ್‌ವರೆಗೆ ಹೋಗುತ್ತದೆ! ಅದರ ಪಂಕಗಳು ರೆಕ್ಕೆಯ ಹಿಂದೆ ಕುಳಿತು ಮುಂದಕ್ಕೆ ನೂಕುತ್ತವೆ. ಮೂಗಿನ ಬಳಿ ಪುಟ್ಟ ರೆಕ್ಕೆ, ನಡುವೆ ದೊಡ್ಡ ರೆಕ್ಕೆ, ಕೊನೆಗೆ ಬಾಲ, ಹೀಗೆ ಮೂರೂ ಸೇರಿ ಭಾರ ಹೊರುತ್ತವೆ. ಗಾಳಿ ಎಲ್ಲಿಯೂ ತೊಡರದೆ ನುಣ್ಣಗೆ ಸರಿದುಹೋಗುವಂತೆ ಅದರ ಮೈಯನ್ನು ತಿದ್ದಿದ್ದಾರೆ. ಶಕ್ತಿ ಹೆಚ್ಚಿಸುವ ಬದಲು ಅಡ್ಡಿ ಕಡಿಮೆ ಮಾಡಿದರು.

ಪಂಕಗಳನ್ನು ಹಿಂದಿಟ್ಟು ನೂಕುವ ಇಂಥದೇ ಸಾಹಸವನ್ನು ನಮ್ಮ ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯವರೂ ಮಾಡಿದರು. ಅವರ 'ಸಾರಸ್' 2004ರ ಮೇ 29ರಂದು ಮೊದಲ ಬಾರಿ ಹಾರಿತು. 2009ರ ಮಾರ್ಚ್ 6ರಂದು ಅದರ ಎರಡನೆಯ ಮಾದರಿ ಪರೀಕ್ಷಾ ಹಾರಾಟದಲ್ಲಿ ಬಿಡದಿಯ ಬಳಿ ಬಿದ್ದು, ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಕೆಲಸ ಅಲ್ಲಿಗೆ ನಿಲ್ಲಲಿಲ್ಲ; 2018ರ ಜನವರಿಯಲ್ಲಿ ಸಾರಸ್ ಮತ್ತೆ ಹಾರಿತು. ಇದನ್ನೇಕೆ ಹೇಳುತ್ತಿದ್ದೇನೆಂದರೆ, ವೇಗ ಇಷ್ಟು, ಇಂಧನ ಇಷ್ಟು ಎಂದು ಹೊಳೆಯುವ ಕಾಗದದಲ್ಲಿ ಅಚ್ಚಾಗುವ ಅಂಕಿಗಳು ಪುಕ್ಕಟೆ ಬಂದವಲ್ಲ. ಹಿಂದೆ ಯಾರದೋ ಬೆವರಿದೆ, ಕೆಲವೊಮ್ಮೆ ರಕ್ತವೂ ಇದೆ. ಹಾಗೆ ಗಳಿಸಿದ್ದನ್ನು ನಾವು ಯಾವುದಕ್ಕೆ ಖರ್ಚು ಮಾಡುತ್ತೇವೆ?

ಇನ್ನೊಂದು ಲೆಕ್ಕ ನೋಡೋಣ. ಗಂಟೆಗೆ 400 ಲೀಟರ್ ಸುಟ್ಟು 550 ಕಿಲೋಮೀಟರ್ ಹೋಗುವ ವಿಮಾನದಲ್ಲಿ ಎಂಟು ಮಂದಿ ಕುಳಿತರೆ ತಲೆಗೆ 50 ಲೀಟರ್, ಅಂದರೆ ಒಬ್ಬೊಬ್ಬರಿಗೆ ಲೀಟರಿಗೆ 11 ಕಿಲೋಮೀಟರ್ ಬಿತ್ತು. ಅದೇ ವಿಮಾನದಲ್ಲಿ ಯಜಮಾನರೊಬ್ಬರೇ ಕುಳಿತರೆ? ಲೀಟರಿಗೆ ಒಂದೂವರೆ ಕಿಲೋಮೀಟರೂ ಇಲ್ಲ! ಎಂಜಿನ್ ಅದೇ, ರೆಕ್ಕೆ ಅದೇ. ಇಂಜಿನಿಯರುಗಳು ವರ್ಷಗಟ್ಟಲೆ ದುಡಿದು ಉಳಿಸಿದ್ದನ್ನು ಖಾಲಿ ಸೀಟುಗಳು ಒಂದೇ ಗಂಟೆಯಲ್ಲಿ ನುಂಗಿಬಿಟ್ಟವು. 70 ಮಂದಿಯನ್ನು ಹೊತ್ತು ನಮ್ಮ ಚಿಕ್ಕ ಊರುಗಳಿಗೂ ಹಾರುವ ಎಟಿಆರ್ ವಿಮಾನವೂ ಟರ್ಬೊಪ್ರಾಪೇ. ಅದರಲ್ಲಿ ತಲೆಗೆ ಬೀಳುವ ಪಾಲು ಇದಕ್ಕಿಂತ ಎಷ್ಟೋ ಕಡಿಮೆ.

"ಸರಿ, ಒಬ್ಬರೇ ಹಾರುವುದು ತಪ್ಪು" ಎಂದು ತೀರ್ಪು ಕೊಟ್ಟು ಮುಗಿಸಿಬಿಡೋಣವೇ? ಸ್ವಲ್ಪ ತಾಳಿ. ಅದಕ್ಕೆ ಮೊದಲು ಆಸ್ಟ್ರೇಲಿಯಾದ ಒಂದು ಹಳೆಯ ಘಟನೆಯನ್ನು ಕೇಳಿ.

1917ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಬಯಲಿನಲ್ಲಿ ಜಿಮ್ಮಿ ಡಾರ್ಸಿ ಎಂಬ ಯುವಕ ದನ ಕಾಯುತ್ತಿದ್ದಾಗ ಕುದುರೆಯಿಂದ ಬಿದ್ದು ಒಳಗೆ ತೀವ್ರ ಪೆಟ್ಟು ಮಾಡಿಕೊಂಡ. ಜೊತೆಯವರು ಗಂಟೆಗಟ್ಟಲೆ ಪಯಣಿಸಿ ಅವನನ್ನು ಹಾಲ್ಸ್ ಕ್ರೀಕ್ ಎಂಬ ಪುಟ್ಟ ಊರಿಗೆ ತಂದರು. ಅಲ್ಲಿ ವೈದ್ಯರಿರಲಿಲ್ಲ, ಅಂಚೆಯ ಯಜಮಾನರಿದ್ದರು. ದೂರದ ಪರ್ತ್ ನಗರದ ವೈದ್ಯರು ತಂತಿಯ ಮೂಲಕ ಒಂದೊಂದೇ ಸೂಚನೆ ಕಳುಹಿಸಿದರು. ಈತ ಜೇಬಿನ ಚಾಕುವಿನಿಂದ ಶಸ್ತ್ರಚಿಕಿತ್ಸೆ ಮಾಡಿದರು! ವೈದ್ಯರು ತಾವೇ ಹಡಗು ಹತ್ತಿ, ಕಾರು ಹತ್ತಿ, ಕುದುರೆ ಗಾಡಿಯಲ್ಲಿ ಪಯಣಿಸಿ ಹತ್ತು ದಿನಕ್ಕೂ ಮೇಲೆ ದಾರಿ ಸವೆಸಿ ಬಂದರು. ಅವರು ಬರುವ ಹಿಂದಿನ ದಿನ ಡಾರ್ಸಿ ತೀರಿಕೊಂಡಿದ್ದ.

ಇಂಥ ಸಾವುಗಳು ಜಾನ್ ಫ್ಲಿನ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿಯವರ ಮನಸ್ಸನ್ನು ಕಲಕಿದವು. ಅವರ ಪ್ರಯತ್ನದಿಂದ 1928ರ ಮೇ ತಿಂಗಳಲ್ಲಿ ಕ್ಲಾನ್‌ಕರಿ ಎಂಬ ಊರಿನಿಂದ ಹಾರುವ ವೈದ್ಯರ ಸೇವೆ ಆರಂಭವಾಯಿತು. ಇಂದು ಅದರ ಹೆಸರು ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್. ಅವರು ಬಳಸುವ ವಿಮಾನಗಳಲ್ಲಿ ನಾವು ಮಾತಾಡುತ್ತಿರುವ ಕಿಂಗ್ ಏರ್ ಕೂಡ ಒಂದು. ಪರ್ತ್‌ನಿಂದ ಹಾಲ್ಸ್ ಕ್ರೀಕ್‌ಗೆ ಅದು ಹೆಚ್ಚುಕಡಿಮೆ ನಾಲ್ಕು ಗಂಟೆಯ ಹಾದಿ.

ಈಗ ಹೇಳಿ. ರೋಗಿಯನ್ನು ತರಲು ಹೊರಟ ಆ ವಿಮಾನ ಹೋಗುವಾಗ ಮಂಚ ಖಾಲಿ, ಬರುವಾಗ ಒಬ್ಬನೇ ರೋಗಿ. ತಲೆಲೆಕ್ಕದಲ್ಲಿ ನೋಡಿದರೆ ಇದು ಆ ಒಂಟಿ ಯಜಮಾನರಿಗಿಂತ ದೊಡ್ಡ ದುಂದುಗಾರ! ಆದರೆ ಡಾರ್ಸಿಯ ತಾಯಿಯ ಮುಂದೆ ನಿಂತು ಹಾಗೆನ್ನುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಅಂದಮೇಲೆ ವೇಗದ ಅಂಕಿಯಾಗಲಿ, ಇಂಧನದ ಅಂಕಿಯಾಗಲಿ, ತಲೆಲೆಕ್ಕವಾಗಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ತಾನಾಗಿ ಬೇರ್ಪಡಿಸಲಾರದು. ಸಂತ ಥಾಮಸ್ ಅಕ್ವಿನಾಸರು ವಿವೇಕವನ್ನು ಕುರಿತು ಬರೆಯುತ್ತಾ ಚತುರ ಕಳ್ಳನ ಉದಾಹರಣೆ ಕೊಡುತ್ತಾರೆ. ತನ್ನ ಕೆಲಸಕ್ಕೆ ತಕ್ಕ ಉಪಾಯವನ್ನು ಅವನು ಬಲು ಚೆನ್ನಾಗಿ ಕಂಡುಕೊಳ್ಳುತ್ತಾನೆ. ಆದರೆ ಗುರಿಯೇ ಕೆಟ್ಟದ್ದಾದ್ದರಿಂದ ಅದು ಹುಸಿ ವಿವೇಕ. ದಕ್ಷತೆಯ ಕಥೆಯೂ ಇಷ್ಟೇ. ಅದು 'ಹೇಗೆ' ಎಂಬುದಕ್ಕೆ ಉತ್ತರ ಕೊಡುತ್ತದೆ, 'ಏಕೆ' ಮತ್ತು 'ಯಾರಿಗಾಗಿ' ಎಂಬುದಕ್ಕೆ ಕೊಡುವುದಿಲ್ಲ. ಹಾಗೆಂದು ಲೆಕ್ಕವೇ ಬೇಡವೆಂದಲ್ಲ. ಗುರಿ ಒಳ್ಳೆಯದಾದಷ್ಟೂ ಲೆಕ್ಕ ಹೆಚ್ಚು ಮುಖ್ಯ. ಪೋಲಾಗದೆ ಉಳಿದ ಒಂದೊಂದು ಲೀಟರೂ ಇನ್ನೊಬ್ಬ ರೋಗಿಯನ್ನು ತರಲು ಒದಗುತ್ತದೆ.

ಆ ಒಂಟಿ ಯಜಮಾನರ ಮೇಲೆ ಕಲ್ಲು ಎತ್ತುವುದೂ ಬೇಡ. ಅವರು ಸಾಯುತ್ತಿರುವ ತಂದೆಯನ್ನು ನೋಡಲು ಹೊರಟಿರಬಹುದು, ಒಂದು ಊಟಕ್ಕಾಗಿಯೂ ಹೊರಟಿರಬಹುದು. ವಿಮಾನಕ್ಕೆ ಅದು ಗೊತ್ತಾಗುವುದಿಲ್ಲ, ಅವರಿಗೆ ಗೊತ್ತಿರುತ್ತದೆ.

ನಮಗೂ ಗೊತ್ತಿರುತ್ತದೆ. ಹತ್ತು ನಿಮಿಷ ಉಳಿಸಲು ಸಿಗ್ನಲ್ ದಾಟಿ ನುಗ್ಗಿ ಮನೆ ಸೇರುತ್ತೇವೆ. ಆಮೇಲೆ ಆ ಹತ್ತು ನಿಮಿಷ ಮೊಬೈಲಿನಲ್ಲಿ ಕರಗುತ್ತದೆ. ಪಕ್ಕದ ಕೋಣೆಯಲ್ಲಿ ಅಮ್ಮ ನಾಲ್ಕು ಮಾತಿಗಾಗಿ ಕಾದಿರುತ್ತಾರೆ. ಉಳಿಸಿದ ಸಮಯವನ್ನು ಯಾರಿಗೂ ಕೊಡದಿದ್ದರೆ ಅದು ಉಳಿತಾಯ ಹೇಗಾದೀತು?

ಆದ್ದರಿಂದ ಮುಂದಿನ ಸಲ ಗಾಡಿ ಚಾಲೂ ಮಾಡುವಾಗ ಪ್ರಶ್ನೆಗಳ ಸರದಿಯನ್ನು ಸ್ವಲ್ಪ ಬದಲಿಸೋಣ. ಎಷ್ಟು ಸ್ಪೀಡ್, ಎಷ್ಟು ಮೈಲೇಜ್ ಎನ್ನುವುದನ್ನು ಆಮೇಲೆ ಕೇಳೋಣ. ಮೊದಲು, ಆ ತುದಿಯಲ್ಲಿ ನನಗಾಗಿ ಕಾಯುತ್ತಿರುವವರು ಯಾರು ಎಂದು ಕೇಳಿಕೊಳ್ಳೋಣ.