ಗುಂಯ್‌ಗುಡುವ ಡಬ್ಬಿಗೆ ಒಂದು ತುಂಡು ಫೋಮು

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ನಮ್ಮ ವಿಜಯಪುರ ಸೀಮೆಯಲ್ಲಿ ಕಂಪ್ಯೂಟರ್‌ಗಳ ದನಿಯೂ ಏರುತ್ತದೆ. ಹೊರಗೆ 40 ಡಿಗ್ರಿ ಮುಟ್ಟಿದ ಮಧ್ಯಾಹ್ನ, ತಗಡಿನ ಶೀಟಿನ ಕೆಳಗೋ ಆರ್‌ಸಿಸಿ ಕೋಣೆಯಲ್ಲೋ ಇರುವ ಯಂತ್ರಕ್ಕೆ ತನ್ನೊಳಗಿನ ಕಾವು ಹೊರದಬ್ಬಲು ಬೇರೆ ದಾರಿಯಿಲ್ಲ. ಫ್ಯಾನು ಜೋರಾಗಿ ತಿರುಗಲೇಬೇಕು. ಜನವರಿಯಲ್ಲಿ ಇದೆಯೋ ಇಲ್ಲವೋ ಎಂಬಂತಿದ್ದ ಡಬ್ಬಿ ಏಪ್ರಿಲ್ ಹೊತ್ತಿಗೆ ದಿನವಿಡೀ ಗುಂಯ್‌ಗುಡುತ್ತದೆ. ಅದರ ಮುಂದೆ ಎಂಟು ಹತ್ತು ತಾಸು ಕೂಡುವವರ ಕಿವಿಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ತಿಕೋಟಾದ ಒಂದು ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ದ್ರಾಕ್ಷಿ ಒಣಗಿಸುವ ಕಾಲ. ಬೆಳೆಸಾಲಕ್ಕೆ ಉತಾರ ಬೇಕೆಂದವರು, ವಿಮೆಯ ಅರ್ಜಿ ತುಂಬಿಸಬೇಕೆಂದವರು, ಆದಾಯ ಪ್ರಮಾಣಪತ್ರಕ್ಕೆ ಬಂದ ಹುಡುಗರು ಬಾಗಿಲವರೆಗೆ ನಿಂತಿದ್ದರು. ಮೇಜಿನ ಮೇಲೆ ಪೆನ್ನು ಇಟ್ಟ ಸ್ಟೀಲ್ ಲೋಟವೊಂದು ಸಣ್ಣಗೆ ಕಿಣಿಕಿಣಿ ಅನ್ನುತ್ತಿತ್ತು. ಎತ್ತಿದರೆ ಸುಮ್ಮನಾಗುತ್ತಿತ್ತು, ಇಟ್ಟರೆ ಮತ್ತೆ ಶುರು.

‘ಸದ್ದು ಭಾಳ ಆಗೇದಲ್ಲಪಾ’ ಅಂದೆ.

‘ಹೌದ್ರೀ ಸರ್, ದಿನಾ ಹಿಂಗ ಗುಂಯ್ ಅಂತಿರ್ತದ. ಮೊದಲ್ ತಲಿ ನೋಯ್ತಿತ್ತು, ಈಗ ರೂಢಿ ಆಗೇದ’ ಅಂದ ಟೈಪು ಮಾಡುತ್ತಿದ್ದ ಹುಡುಗ. ಆಮೇಲೆ ಮೇಜಿನ ತುದಿಯಲ್ಲಿದ್ದ ಡಬ್ಬಿಯ ಬುಡ ತೋರಿಸಿದ. ಅಲ್ಲೊಂದು ಮೆಮೊರಿ ಫೋಮಿನ ತುಂಡು ಇತ್ತು, ಗಾದಿ ಅಂಗಡಿಯಿಂದ ತಂದದ್ದು. ‘ಮೊಬೈಲ್‌ನ್ಯಾಗ ನೋಡಿ ಹಾಕೀನ್ರೀ. ಏನೂ ಕಡಿಮಿ ಆಗ್ಲಿಲ್ಲ.’

ಬಗ್ಗಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಡಬ್ಬಿಯ ಭಾರಕ್ಕೆ, ಕೋಣೆಯ ಕಾವಿಗೆ ಫೋಮು ಪೂರ್ತಿ ಅಪ್ಪಚ್ಚಿಯಾಗಿ ರಟ್ಟಿನಷ್ಟು ತೆಳ್ಳಗಾಗಿತ್ತು. ಅದರ ಮೇಲೆ, ಡಬ್ಬಿಯ ತಳದಲ್ಲಿ ಗಾಳಿಯಾಡಲು ಇರುವ ಕಿಂಡಿಗಳೂ ಮುಚ್ಚಿಹೋಗಿದ್ದವು. ಕಾವು ಹೆಚ್ಚಿತು, ಫ್ಯಾನು ಇನ್ನಷ್ಟು ಜೋರಾಯಿತು. ಸದ್ದು ಇಳಿಸಲು ಹಾಕಿದ ಮೆತ್ತೆಯೇ ಸದ್ದನ್ನು ಹೆಚ್ಚಿಸಿತ್ತು.

ಆ ಹುಡುಗ ಹೇಳಿದ ರೂಢಿಯ ಮಾತು ನನ್ನನ್ನು ಬಿಡಲಿಲ್ಲ. ರೂಢಿಯಾಗುವುದು ಕಿವಿಗೆ ಮಾತ್ರ. ಕರೆಂಟು ಹೋಗಿ, ಯುಪಿಎಸ್ಸೂ ಕೈಬಿಟ್ಟು ಕೋಣೆ ಒಮ್ಮೆಲೇ ಸ್ತಬ್ಧವಾದಾಗ ನಮ್ಮ ಹೆಗಲು ತಾನಾಗಿ ಸಡಿಲವಾಗುತ್ತದಲ್ಲ, ಅಲ್ಲಿಯವರೆಗೆ ಮೈ ಏನು ಹೊತ್ತಿತ್ತು ಅನ್ನುವುದು ಆಗ ತಿಳಿಯುತ್ತದೆ. ಹೊಟ್ಟೆಪಾಡಿಗಾಗಿ ಕೂತವರು ಅದನ್ನು ದಿನವಿಡೀ ಹೊರಬೇಕಾಗಿಲ್ಲ. ಇದನ್ನು ಇಳಿಸುವ ಉಪಾಯಗಳು ಅಗ್ಗವಾಗಿವೆ. ಆದರೆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಬೇಕು.

ಕಂಪ್ಯೂಟರಿನ ಸದ್ದಿಗೆ ಎರಡು ದಾರಿ. ಒಂದು ಗಾಳಿಯದು. ಫ್ಯಾನಿನ ರೆಕ್ಕೆ ಗಾಳಿಯನ್ನು ಸೀಳುವ ಸುಯ್ಯೆಂಬ ಸದ್ದು ನೇರ ಕಿವಿಗೆ ಬರುತ್ತದೆ. ಇನ್ನೊಂದು ಗಟ್ಟಿ ವಸ್ತುವಿನ ದಾರಿ. ತಿರುಗುವ ಯಾವ ವಸ್ತುವೂ ನೂರಕ್ಕೆ ನೂರು ಸಮತೋಲದಲ್ಲಿ ಇರುವುದಿಲ್ಲ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕು ಸೆಕೆಂಡಿಗೆ 120 ಸಲ, 5,400 ಸುತ್ತಿನದು 90 ಸಲ ತನ್ನನ್ನು ಹಿಡಿದ ಸ್ಕ್ರೂಗಳನ್ನು ಅಲುಗಿಸುತ್ತದೆ. ಸ್ಕ್ರೂ ತಗಡನ್ನು ಅಲುಗಿಸುತ್ತದೆ, ತಗಡು ಮೇಜನ್ನು, ಮೇಜು ಲೋಟವನ್ನು. ಬರೀ ತಂತಿ ಮೀಟಿದರೆ ತಂಬೂರಿಯ ದನಿ ಎಷ್ಟಿದ್ದೀತು? ಕೆಳಗಿನ ಕುಂಬಳದ ಬುರುಡೆ ಅದನ್ನು ತುಂಬಿಕೊಡುತ್ತದೆ. ಇಲ್ಲಿ ಡಿಸ್ಕು ತಂತಿ, ತಗಡಿನ ಡಬ್ಬಿಯೇ ಬುರುಡೆ.

ಮೆತ್ತೆ ಕೆಲಸ ಮಾಡುವುದು ಈ ಎರಡನೆಯ ದಾರಿಯಲ್ಲಿ ಮಾತ್ರ. ನಿಮ್ಮ ಯಂತ್ರದ ಸದ್ದು ಯಾವ ದಾರಿಯದು ಎಂದು ತಿಳಿಯಲು ಉಪಕರಣ ಬೇಡ, ಅಂಗೈ ಸಾಕು. ಡಬ್ಬಿಯ ಪಕ್ಕದ ತಗಡನ್ನು ಅಂಗೈಯಿಂದ ಒತ್ತಿ ಹಿಡಿಯಿರಿ. ದನಿ ಬದಲಾದರೆ ತಗಡು ನಡುಗುತ್ತಿದೆ. ಇನ್ನೊಂದು ಕೈಯನ್ನು ಮೇಜಿನ ಮೇಲಿಡಿ. ಮೇಜು ಜುಮುಜುಮು ಅಂದರೆ ಕಂಪನ ಕೆಳಗಿಳಿಯುತ್ತಿದೆ. ಆಗ ಮೆತ್ತೆಯಿಂದ ಪ್ರಯೋಜನ ಉಂಟು. ಎಲ್ಲಿ ಒತ್ತಿದರೂ ಸದ್ದು ಹಾಗೇ ಇದ್ದರೆ ಅದು ಫ್ಯಾನಿನದು. ಅದಕ್ಕೆ ಇಡೀ ಗಾದಿಯನ್ನೇ ತಂದು ಹಾಸಿದರೂ ವ್ಯರ್ಥ.

ಮೆಮೊರಿ ಫೋಮಿನ ಕಥೆ ಗಾದಿ ಅಂಗಡಿಯಿಂದ ಶುರುವಾದದ್ದಲ್ಲ. 1966ರಲ್ಲಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ಅಮೆರಿಕದ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ, ವಿಮಾನದಲ್ಲಿ ಕೂತವರಿಗೆ ಹೊಡೆತದಿಂದ ರಕ್ಷಣೆ ಕೊಡುವ ಆಸನಕ್ಕೆಂದು ಇದನ್ನು ರೂಪಿಸಿದರು. ಒತ್ತಿದರೆ ನಿಧಾನ ಕುಗ್ಗುವುದು, ಬಿಟ್ಟರೆ ನಿಧಾನ ಏಳುವುದು ಇದರ ಗುಣ. ಸ್ಪ್ರಿಂಗು ತಾನು ಪಡೆದ ಪೆಟ್ಟನ್ನು ಪುಟಿದು ವಾಪಸು ಕೊಡುತ್ತದೆ. ಈ ಫೋಮು ಅದರ ದೊಡ್ಡ ಪಾಲನ್ನು ತನ್ನೊಳಗೇ ಶಾಖವಾಗಿ ಕರಗಿಸಿಕೊಳ್ಳುತ್ತದೆ. ಕಂಪನ ತಡೆಯಲು ಬೇಕಾದದ್ದು ಇದೇ ಗುಣ. ಹಾಗಾಗಿ ಕಂಪ್ಯೂಟರಿಗೆ ಇದನ್ನು ಬಳಸಬೇಕೆಂಬ ಯೋಚನೆ ತಪ್ಪೇನಲ್ಲ.

ತೊಡಕು ಇರುವುದು ನಮ್ಮ ಹವೆಯಲ್ಲಿ. ಈ ಫೋಮು ಶಾಖಕ್ಕೆ ಮೆದುವಾಗುತ್ತದೆ, ಚಳಿಗೆ ಬಿಗಿಯುತ್ತದೆ. ಮೈಯ ಬಿಸಿಗೆ ಒಗ್ಗುವ ಈ ಗುಣವೇ ಗಾದಿಯಲ್ಲಿ ಸುಖ. ಆದರೆ ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಯಾದ ಡಬ್ಬಿಯ ಕೆಳಗೆ ಅದು ತೀರ ಮೆತ್ತಗಾಗಿ ತಳ ಕಚ್ಚುತ್ತದೆ. ತಳ ಕಚ್ಚಿದ ಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಡಿಸೆಂಬರಿನ ಬೆಳಗ್ಗೆ ಮುಟ್ಟಿದರೆ ಅದೇ ತುಂಡು ಗಟ್ಟಿ. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಊರುಗಳಲ್ಲಿ ಡಬ್ಬಿಯ ಕಾಲುಗಳ ಕೆಳಗೆ ನಾಲ್ಕು ದಪ್ಪ ರಬ್ಬರಿನ ತುಂಡು ಇಡುವುದೇ ಮೇಲು. ಹೊಲಿಗೆ ಮಷಿನ್ನಿನ ಕೆಳಗೆ ಹಳೆಯ ಟ್ಯೂಬು ಕತ್ತರಿಸಿ ಇಡುತ್ತಿದ್ದವರಿಗೆ ಇದು ಗೊತ್ತಿತ್ತು. ನಾಲ್ಕು ಮಡಿಕೆ ಹಾಕಿದ ಕಂಬಳಿಯ ತುಂಡೂ ಆದೀತು. ಯಾವುದನ್ನೇ ಇಡಿ, ಕಾಲಿನ ಅಡಿಗಷ್ಟೇ ಇಡಿ. ತಳದ ಕಿಂಡಿ ತೆರೆದಿರಲಿ.

ಮೆಮೊರಿ ಫೋಮು ನಿಜಕ್ಕೂ ಉಪಯೋಗಕ್ಕೆ ಬರುವುದು ಡಬ್ಬಿಯ ಒಳಗೆ, ಹಾರ್ಡ್ ಡಿಸ್ಕಿನ ಕೆಳಗೆ. ಡಿಸ್ಕಿನ ಭಾರ ಕಡಿಮೆ, ಆದ್ದರಿಂದ ಫೋಮು ಬೇಗ ತಳ ಕಚ್ಚುವುದಿಲ್ಲ. ಯಂತ್ರ ಬಂದ್ ಮಾಡಿ, ಪ್ಲಗ್ಗು ಕಿತ್ತು, ಡಿಸ್ಕನ್ನು ತಗಡಿನ ಚೌಕಟ್ಟಿನಿಂದ ಬಿಚ್ಚಿ, ಎರಡು ತುದಿಗೆ ಎರಡು ಬೆರಳಗಲದ ಪಟ್ಟಿ ಕೊಟ್ಟು ಮಟ್ಟವಾಗಿ ಕೂಡಿಸಬೇಕು. ಸ್ಕ್ರೂ ತಗಡಿಗೆ ತಾಗದಿದ್ದರೆ ಕಂಪನ ದಾಟುವ ಸೇತುವೆಯೇ ಮುರಿಯಿತು. ಕೆಲವರು ಸದ್ದು ಇನ್ನೂ ಕಡಿಮೆಯಾಗಲಿ ಎಂದು ಡಿಸ್ಕನ್ನು ಪೂರ್ತಿ ಫೋಮಿನಲ್ಲಿ ಸುತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫೋಮು ಶಾಖವನ್ನು ಹೊರಗೆ ಬಿಡುವುದಿಲ್ಲ, ಬಿಸಿಯೇರಿದ ಡಿಸ್ಕು ಸಾಯುತ್ತದೆ, ಅದರೊಳಗಿನ ನಿಮ್ಮ ಕಡತಗಳೂ ಹೋಗುತ್ತವೆ. ಡಿಸ್ಕಿನ ಮೈಮೇಲೆ ಉಸಿರಾಟಕ್ಕೆಂದು ಒಂದು ಸಣ್ಣ ತೂತು ಇರುತ್ತದೆ, ಅದನ್ನಂತೂ ಮುಚ್ಚಲೇಬಾರದು. ಇನ್ನೊಂದು ಮಾತು: ಇದು ಪಾಲಿಯುರೆಥೇನ್, ಬೆಂಕಿ ಹಿಡಿಯುವ ವಸ್ತು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯ ಹತ್ತಿರ ಸುಳಿಯಬಾರದು. ಕೆಲವು ವರ್ಷಕ್ಕೆ ಇದು ಪುಡಿಪುಡಿಯಾಗಿ ಉದುರುತ್ತದೆ, ಆ ಪುಡಿ ಫ್ಯಾನಿಗೆ ಸೇರುವ ಮುಂಚೆ ಬದಲಿಸಬೇಕು.

ಕಂಪನ ಎಂದರೆ ಕಿವಿಯ ಕಿರಿಕಿರಿಯಷ್ಟೇ ಎಂದುಕೊಂಡವರಿಗೆ ಎರಡು ಘಟನೆ ಹೇಳಬೇಕು. 2008ರ ಕೊನೆಯಲ್ಲಿ ಬ್ರೆಂಡನ್ ಗ್ರೆಗ್ ಎಂಬ ತಂತ್ರಜ್ಞ ಸಾಲಾಗಿ ಜೋಡಿಸಿದ ಡಿಸ್ಕುಗಳ ಎದುರು ನಿಂತು ಗಟ್ಟಿಯಾಗಿ ಕೂಗಿದರು. ಆ ಕೂಗಿಗೇ ಡಿಸ್ಕುಗಳ ಕೆಲಸ ತಡವರಿಸಿದ್ದು ಪರದೆಯ ಮೇಲೆ ಗೆರೆಯಾಗಿ ಕಾಣಿಸಿತು. 2016ರಲ್ಲಿ ರೊಮೇನಿಯಾದ ಬುಕಾರೆಸ್ಟಿನಲ್ಲಿ ಐಎನ್‌ಜಿ ಬ್ಯಾಂಕಿನವರು ಬೆಂಕಿ ನಂದಿಸುವ ಅನಿಲ ವ್ಯವಸ್ಥೆಯನ್ನು ಪರೀಕ್ಷಿಸುವಾಗ ಹೊಮ್ಮಿದ ಭಾರಿ ಸದ್ದಿಗೆ ಡಿಸ್ಕುಗಳು ಕೆಟ್ಟು, ತಾಸುಗಟ್ಟಲೆ ವ್ಯವಹಾರ ನಿಂತಿತು. ತಿರುಗುವ ತಟ್ಟೆಗೂ ಅದನ್ನು ಓದುವ ಮುಳ್ಳಿಗೂ ನಡುವಿನ ಅಂತರ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ. ನಡುಗುವ ಮೇಜಿನ ಮೇಲೆ ನಮ್ಮ ಊರಿನ ಯಂತ್ರವೂ ಸುಖವಾಗಿರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಕಡೆ ಸದ್ದಿನ ದೊಡ್ಡ ಕಾರಣ ಡಿಸ್ಕಲ್ಲ, ಧೂಳು. ಬಬಲೇಶ್ವರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯರೊಬ್ಬರು ನನ್ನ ಎದುರೇ ಒಂದು ಡಬ್ಬಿ ಬಿಚ್ಚಿದರು. ಫ್ಯಾನಿನ ಒಂದೊಂದು ರೆಕ್ಕೆಯ ಅಂಚಿಗೂ ಎರೆಮಣ್ಣಿನ ಧೂಳು ದಡಿ ಕಟ್ಟಿತ್ತು. ಅದರ ಕೆಳಗೆ ಶಾಖ ಹೀರುವ ಅಲ್ಯುಮಿನಿಯಂ ಪಟ್ಟಿಗಳ ಸಂದು ಪೂರ್ತಿ ಮುಚ್ಚಿ, ಕಪ್ಪು ಬಟ್ಟೆಯಂಥ ಒಂದು ಪದರ ಕೂತಿತ್ತು. ಅವರು ಮೊದಲು ಒಣ ಬ್ರಷ್ಷಿನಿಂದ ಆ ಪದರವನ್ನು ಎಬ್ಬಿಸಿದರು. ಆಮೇಲೆ ಬ್ಲೋವರ್ ಹಿಡಿದರು. ಹಿಡಿಯುವಾಗ ಒಂದು ಬೆರಳನ್ನು ಫ್ಯಾನಿನ ರೆಕ್ಕೆಗೆ ಅಡ್ಡ ಕೊಟ್ಟರು, ಗಾಳಿಯ ರಭಸಕ್ಕೆ ಅದು ಗರಗರ ತಿರುಗಿ ಬೇರಿಂಗು ಕೆಡಬಾರದೆಂದು. ಫ್ಯಾನಿನ ಹಿಂದಿನ ಸ್ಟಿಕ್ಕರು ಎತ್ತಿ, ಹೊಲಿಗೆ ಮಷಿನ್ನಿನ ಎಣ್ಣೆ ಒಂದೇ ಹನಿ ಬಿಟ್ಟು, ಮತ್ತೆ ಅಂಟಿಸಿದರು. ಚಾಲೂ ಮಾಡಿದಾಗ ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂದು ನಾನು ಬಗ್ಗಿ ನೋಡಬೇಕಾಯಿತು. ‘ಮೊದಲ ಧೂಳ ತಗೀರಿ, ಫೋಮಿನ ಮಾತ ಆಮ್ಯಾಲ’ ಅಂದರು.

ಅವರ ಮಾತಿನ ಹಿಂದೆ ಲೆಕ್ಕವೂ ಇದೆ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಅದರ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಧೂಳು ಹೋದರೆ ಕಾವು ಸಲೀಸಾಗಿ ಹೊರಬೀಳುತ್ತದೆ, ಫ್ಯಾನು ತಾನಾಗಿ ನಿಧಾನಿಸುತ್ತದೆ. ಬದಲಿಸುವುದೇ ಆದರೆ 80 ಮಿಲಿಮೀಟರಿನ ಚಿಕ್ಕ ಫ್ಯಾನಿಗಿಂತ, ಡಬ್ಬಿಯಲ್ಲಿ ಜಾಗವಿದ್ದರೆ, 120 ಮಿಲಿಮೀಟರಿನದನ್ನು ಹಾಕಿಸಿ. ಅದು ನಿಧಾನ ತಿರುಗಿಯೇ ಅಷ್ಟು ಗಾಳಿ ತಳ್ಳುತ್ತದೆ. ಹಣ ಹೊಂದಿದರೆ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಆದ್ದರಿಂದ ಸದ್ದೂ ಇಲ್ಲ, ಕಂಪನವೂ ಇಲ್ಲ.

ಇನ್ನು ಕೋಣೆಯ ಮಾತು. ಸದ್ದನ್ನು ಕೋಣೆ ಏನು ಮಾಡಬಲ್ಲದು ಎನ್ನುವುದನ್ನು ವಿಜಯಪುರದವರಿಗೆ ಬೇರೆಯವರು ಹೇಳಬೇಕಾಗಿಲ್ಲ. 1656ರಲ್ಲಿ ಪೂರ್ತಿಯಾದ ಗೋಳಗುಮ್ಮಟದ ಮೇಲಂತಸ್ತಿನಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ ನಿಂತವರಿಗೆ ಕೇಳುತ್ತದೆ, ಒಂದು ಚಪ್ಪಾಳೆ ಮತ್ತೆ ಮತ್ತೆ ಮರಳಿ ಬರುತ್ತದೆ. ನುಣುಪಾದ ಗಟ್ಟಿ ಗಾರೆ ಸದ್ದನ್ನು ಹೀರುವುದಿಲ್ಲ, ತಿರುಗಿಸಿ ಕೊಡುತ್ತದೆ. ಇಂದಿನ ಟೈಲ್ಸು, ಗಾಜು, ಬಣ್ಣ ಬಳಿದ ಸಿಮೆಂಟು ಗೋಡೆಯ ಕೋಣೆಗಳದ್ದೂ ಅದೇ ಗುಣ. ಮಣ್ಣಿನ ಮಾಳಿಗೆ, ಜಮಖಾನೆ, ಗಳುವಿನ ಮೇಲಿನ ಕೌದಿ ಇದ್ದ ಹಳೆಯ ಮನೆಗಳಲ್ಲಿ ಸದ್ದು ಹೀಗೆ ತಿರುಗಾಡುತ್ತಿರಲಿಲ್ಲ. ಗೋಡೆಗೆ ತೆಳ್ಳನೆಯ ಫೋಮಿನ ಹಾಳೆ ಅಂಟಿಸಿದರೆ ಎಲ್ಲ ಸದ್ದೂ ನಿಲ್ಲುತ್ತದೆ ಎಂದು ನಂಬಬೇಡಿ. ಸೆಕೆಂಡಿಗೆ 120 ಸಲದ ಗುಂಯ್‌ಕಾರದ ಅಲೆ ಸುಮಾರು ಮೂರು ಮೀಟರ್ ಉದ್ದ, ಅದಕ್ಕೆ ಬೆರಳು ದಪ್ಪದ ಹಾಳೆ ಲೆಕ್ಕಕ್ಕಿಲ್ಲ. ಫ್ಯಾನಿನ ಸುಯ್ಯೆನ್ನುವಿಕೆ, ಕೀಲಿಮಣೆಯ ಟಕಟಕ, ಮಾತಿನ ಗದ್ದಲವನ್ನು ಗೋಡೆಗೆ ತೂಗುಹಾಕಿದ ಒಂದು ದಪ್ಪ ಕೌದಿ ಚೆನ್ನಾಗಿಯೇ ತಗ್ಗಿಸುತ್ತದೆ.

ಇದನ್ನು ಬರೆಯುವಾಗ ನನ್ನ ಕಣ್ಣ ಮುಂದಿರುವುದು ನಗರದ ಓದುವ ಕೋಣೆಗಳು. ಸುತ್ತಲಿನ ಜಿಲ್ಲೆಗಳಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದ ಮಕ್ಕಳು ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೂತಿರುತ್ತಾರೆ. ಅವರ ಅಪ್ಪ ಅವ್ವ ಹೊಲದ ಫಸಲಿನ ದುಡ್ಡಿನಲ್ಲಿ ಆ ಕುರ್ಚಿಯ ತಿಂಗಳ ಬಾಡಿಗೆ ಕಟ್ಟುತ್ತಾರೆ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಅದು ಬೀದಿಯ ಸದ್ದಿಗೆ. ತರಗತಿಯ ಒಳಗೆ ಪಾಠದ ಹೊತ್ತಿನಲ್ಲಿ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಸಾಲಾಗಿ ಕಂಪ್ಯೂಟರ್ ಇಟ್ಟ ಕೋಣೆಯಲ್ಲಿ ಆ ಮಿತಿ ಮುಟ್ಟುವುದು ಸುಲಭವಲ್ಲ. ಆದರೆ ಅದರ ಹತ್ತಿರ ಹೋಗಲು ಬೇಕಾದದ್ದು ಒಂದು ಬ್ರಷ್ಷು, ಒಂದು ಹನಿ ಎಣ್ಣೆ, ನಾಲ್ಕು ತುಂಡು ರಬ್ಬರು, ಎರಡು ಪಟ್ಟಿ ಫೋಮು.

ವಿಜಯಪುರ, ತಿಕೋಟಾ, ಬಬಲೇಶ್ವರಗಳಲ್ಲಿ ಓದುವ ಕೋಣೆ, ಆನ್‌ಲೈನ್ ಅಂಗಡಿ, ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವವರಲ್ಲಿ, ಕಚೇರಿಗಳ ಹೊಣೆ ಹೊತ್ತವರಲ್ಲಿ ನನ್ನದೊಂದು ಕೋರಿಕೆ. ಯುಗಾದಿಗೆ ಮನೆ ಸಾರಿಸುವ ವಾರದಲ್ಲೇ ನಿಮ್ಮ ಯಂತ್ರಗಳ ಡಬ್ಬಿಯನ್ನೂ ಒಮ್ಮೆ ಬಿಚ್ಚಿಸಿ ಧೂಳು ತೆಗೆಸಿ. ಮುಂದೆ ಕೂತು ಕೆಲಸ ಮಾಡುವ ಹುಡುಗ ಹುಡುಗಿಯರು ತಾವಾಗಿ ಬಂದು ಕೇಳುವುದಿಲ್ಲ, ರೂಢಿ ಆಗಿದೆ ಎಂದು ಸುಮ್ಮನಿರುತ್ತಾರೆ. ನೀವೇ ಮೇಜಿನ ಮೇಲೆ ಅಂಗೈ ಇಟ್ಟು ನೋಡಿ.