ಶಾಲು ಹೊದಿಸಿದ ಮೇಲೆ ಮೈಕು ಯಾರ ಕೈಗೆ?

ಹಿಪ್‌ಹಾಪ್ ಹುಟ್ಟಿದ್ದೇ ಹುಡುಗರ ಕೈಯಾಗ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಓಣಿಯೊಂದರ ಅಪಾರ್ಟ್‌ಮೆಂಟಿನಲ್ಲಿ ತಂಗಿ ಏರ್ಪಡಿಸಿದ್ದ ಪಾರ್ಟಿಗೆ ರೆಕಾರ್ಡು ತಿರುಗಿಸಿದ ಡಿಜೆ ಕೂಲ್ ಹರ್ಕ್‌ಗೆ ಆಗ 18 ವರ್ಷ. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ರೊಕ್ಕ ಕೂಡಿಸಬೇಕು ಅನ್ನೋದಷ್ಟೇ ಆ ಪಾರ್ಟಿಯ ಉದ್ದೇಶ. ಎಲ್ಎಲ್ ಕೂಲ್ ಜೆ ಮೊದಲ ಆಲ್ಬಮ್ ತಂದಾಗ 17, ನಾಸ್ ತಂದಾಗ 20. ಹಿಂಗಾಗಿ ಆ ಹಾಡಿಗೆ 'ಇವತ್ತು, ಈಗ, ಈ ಓಣಿ' ಅನ್ನೋದೇ ಉಸಿರು. ಮೂವತ್ತೈದು ದಾಟಿದವನು ಮೈಕು ಹಿಡಿದರೆ 'ಅಂಕಲ್ ಬಂದ್ರು' ಅಂತ ನಗುವ ರೂಢಿ ಅಲ್ಲಿಂದಲೇ ಬಂತು.

ಅದೇ ಕೂಲ್ ಹರ್ಕ್ 2011ರಲ್ಲಿ ಕಾಯಿಲೆ ಬಿದ್ದಾಗ ಕೈಯಲ್ಲಿ ಆರೋಗ್ಯ ವಿಮೆ ಇರಲಿಲ್ಲ. ಕೋಟ್ಯಂತರ ಡಾಲರಿನ ದಂಧೆಗೆ ಬೀಜ ಹಾಕಿದವನ ಆಸ್ಪತ್ರೆ ಬಿಲ್ಲಿಗೆ ಅಭಿಮಾನಿಗಳು ಪಟ್ಟಿ ಎತ್ತಬೇಕಾಯಿತು. 2023ರಲ್ಲಿ, ಹಿಪ್‌ಹಾಪ್‌ಗೆ ಐವತ್ತು ತುಂಬಿದ ವರ್ಷ, ಅವನನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿ ದೊಡ್ಡ ಸನ್ಮಾನ ಮಾಡಿದರು. ಇದನ್ನು ಓದಿದಾಗ ನನಗೆ ಅಮೆರಿಕ ಅಷ್ಟೇನೂ ದೂರ ಅನ್ನಿಸಲಿಲ್ಲ.

ಯಾಕಂದ್ರೆ ಈ ರಾಪ್ ಬ್ಯಾಟಲ್ ನಮ್ಮ ಕಡೆಗೆ ಹೊಸದಲ್ಲ. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಜಾತ್ರಿ ಬಂತಂದ್ರೆ ಹರದೇಶಿ-ನಾಗೇಶಿ ಮೇಳ ಎದುರುಬದುರು ಕೂಡುತ್ತಿದ್ದವು. ಒಂದು ಕಡೆಯವರು ಗಂಡು ಹೆಚ್ಚು, ಶಿವ ಹೆಚ್ಚು ಅಂತಾರ. ಇನ್ನೊಂದು ಕಡೆಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಅಂತಾರ. ದಪ್ಪಿನ ಏಟು, ತುಂತುಣಿ, ತಾಳ. ಇವರ ಸವಾಲಿಗೆ ಅವರು ನಿಂತ ಕಾಲ ಮ್ಯಾಲೆ ಜವಾಬು ಕೊಡಬೇಕು. ಪುರಾಣ ಗೊತ್ತಿರಬೇಕು, ಪ್ರಾಸ ಗೊತ್ತಿರಬೇಕು, ಎದುರಿನವರ ಮರ್ಮಕ್ಕೆ ಚುಚ್ಚುವುದೂ ಗೊತ್ತಿರಬೇಕು. ಬೆಳತನಕ ನಡೆಯೋ ಈ ಜಗಳದಲ್ಲಿ ಯಾರಿಗೂ ವಯಸ್ಸಿನ ರಿಯಾಯಿತಿ ಇರುತ್ತಿರಲಿಲ್ಲ. ಇಪ್ಪತ್ತರ ಹುಡುಗಿ ಅರವತ್ತರ ಮುತ್ಯಾನನ್ನು ಪದದಲ್ಲಿ ಕೆಡವಿದರೆ ಊರೇ ಶಿಳ್ಳೆ ಹಾಕುತ್ತಿತ್ತು. ಕೆಡವಿಸಿಕೊಂಡ ಮುತ್ಯಾನ ಮರ್ಯಾದಿ ಅದರಿಂದ ಕಮ್ಮಿ ಆಗುತ್ತಿರಲಿಲ್ಲ. ಅವನ ಸವಾಲು ಜವಾಬು ಕೊಡುವಷ್ಟು ತೂಕದ್ದು ಅಂತ ಎಲ್ಲರೂ ಒಪ್ಪಿದಂಗೆ ಆಗುತ್ತಿತ್ತಲ್ಲ!

ಈಗಿನ ಸಭೆ ನೋಡ್ರಿ. ಡಿಜೆ ಹಚ್ಚುವ ಮುಂಚೆ ಒಂದರ್ಧ ತಾಸು 'ಹಿರಿಯ ಕಲಾವಿದರಿಗೆ ಸನ್ಮಾನ'. ಶಾಲು, ಹಾರ, ಒಂದು ಫಲಕ, ಹಣ್ಣಿನ ಬುಟ್ಟಿ, ಮೊಬೈಲಿನಲ್ಲಿ ಫೋಟೋ. ಮುತ್ಯಾ ಹುರುಪಿಗೆ ಬಂದು ಒಂದು ನುಡಿ ಎತ್ತಿಕೊಂಡರೆ ಎರಡನೇ ನುಡಿಗೆ ಸಂಘಟಕರು ಗಡಿಯಾರ ನೋಡುತ್ತಾರೆ. ಮೂರನೇ ನುಡಿಗೆ ಯಾರೋ ಬಂದು ಭಾಳ ನಯವಾಗಿ ಮೈಕು ಇಸಕೊಳ್ಳುತ್ತಾರೆ. ಅಮೆರಿಕದ ಹುಡುಗರು ಮುದುಕರನ್ನು ಬೈದು ವೇದಿಕೆಯಿಂದ ಇಳಿಸುತ್ತಾರೆ, ನಾವು ಕಾಲು ಮುಟ್ಟಿ ಇಳಿಸುತ್ತೇವೆ. ಇಳಿಯುವವನಿಗೆ ಎರಡೂ ಒಂದೇ. ನನ್ನ ಕೇಳಿದರೆ ಬೈಯುವುದೇ ಒಂದು ಕೈ ಮೇಲು, ಬೈದವನಿಗೆ ತಿರುಗಿ ಬೈಯಬಹುದು. ಕಾಲು ಮುಟ್ಟಿದವನಿಗೆ ಏನಂತೀರಿ?

ಶಹಾಪುರದ ಒಬ್ಬ ಹುಡುಗ, ಮೊಬೈಲಿನಲ್ಲೇ ಬೀಟ್ ಕೂಡಿಸಿ ನಮ್ಮ ಭಾಷೆಯಲ್ಲೇ ರಾಪ್ ಕಟ್ಟುವವ, ಈ ಮಾತಿಗೆ ನನ್ನ ಜೊತೆ ಜಗಳಕ್ಕೇ ನಿಂತ. "ಮುತ್ಯಾಗೋಳಿಗೆ ಮರ್ಯಾದಿ ಕೊಡಲ್ಲಂತ ನಾ ಎಲ್ಲಿ ಅಂದೀನ್ರಿ ಸರ? ಆದ್ರ ವಯಸ್ಸಾಗ್ಯಾದ ಅಂತ ಕೈ ಮುಗೀಬೇಕೋ, ಚಲೋ ಹಾಡ್ತಾನ ಅಂತ ಕೈ ಮುಗೀಬೇಕೋ? ವಯಸ್ಸು ಎಲ್ಲಾರ್ಗೂ ಆಗ್ತದ. ಅದ್ರಾಗ ಸಾಧನೆ ಏನದ?"

ಪ್ರಶ್ನೆ ಸರಿಯಾಗೇ ಅದ. ಹಿರಿಯ ಮನುಷ್ಯನಿಗೆ ಕೊಡುವ ಮರ್ಯಾದೆ ಬೇರೆ, ಹಿರಿಯ ಕಲಾವಿದನಿಗೆ ಕೊಡುವುದು ಬೇರೆ. ಮೊದಲನೆಯದಕ್ಕೆ ಹಾಡು ಬರಬೇಕಿಲ್ಲ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವಾಗ ನಾವು ಯಾರ ರಾಗ, ತಾಳ ಪರೀಕ್ಷೆ ಮಾಡುವುದಿಲ್ಲ. ಎರಡನೆಯದಕ್ಕೆ ಮಾತ್ರ ಕಿವಿ ಕೊಡಬೇಕು. ಕಿವಿ ಕೊಟ್ಟ ಮೇಲೆ 'ಇವತ್ತು ಶ್ರುತಿ ತಪ್ಪಿತು ಮುತ್ಯಾ' ಅನ್ನುವ ಹಕ್ಕೂ ಬರುತ್ತದೆ. ನಾವು ಎರಡನೆಯದು ಕೊಡಬೇಕಾದಲ್ಲಿ ಮೊದಲನೆಯದನ್ನು ಕೊಟ್ಟು ಲೆಕ್ಕ ಚುಕ್ತಾ ಮಾಡುತ್ತೇವೆ. ಶಾಲು ಅಂದರೆ ಆ ಚುಕ್ತಾ ರಸೀದಿ.

ಮುದುಕರೂ ಏನು ಕಮ್ಮಿ ಇಲ್ಲ ಅನ್ನೋದನ್ನೂ ಹೇಳಬೇಕು. 'ನಮ್ಮ ಕಾಲದಾಗ' ಅಂತ ಶುರು ಹಚ್ಚಿ ಹೊಸದೆಲ್ಲಾ ಗದ್ದಲ ಅಂತ ತಳ್ಳಿಹಾಕುವವರು ಮೇಳಕ್ಕೊಬ್ಬರು ಸಿಗುತ್ತಾರೆ. ಹುಡುಗನ ಪದ ಪೂರ್ತಿ ಕೇಳದೆ ತಲೆ ಅಲ್ಲಾಡಿಸುವವನು ತನ್ನ ಪದ ಪೂರ್ತಿ ಕೇಳಲಿ ಅಂತ ಹೆಂಗ ಕೇಳುತ್ತಾನೆ?

ಔಟ್‌ಕಾಸ್ಟ್‌ನ ಆಂಡ್ರೆ 3000 ಅನ್ನುವ ದೊಡ್ಡ ರಾಪರ್ 2023ರಲ್ಲಿ, ತನ್ನ 48ನೇ ವಯಸ್ಸಿನಲ್ಲಿ, ರಾಪ್ ಬಿಟ್ಟು ಬರೀ ಕೊಳಲಿನ ಆಲ್ಬಮ್ ತಂದ. ಈ ವಯಸ್ಸಿನಲ್ಲಿ ನಾನು ಯಾವುದರ ಬಗ್ಗೆ ರಾಪ್ ಮಾಡಲಿ, ಆಸ್ಪತ್ರೆ ತಪಾಸಣೆಯ ಬಗ್ಗೆಯಾ ಅನ್ನೋ ಅರ್ಥದ ಮಾತಾಡಿದ. ನಾಸ್‌ಗೆ ಮೊದಲ ಗ್ರ್ಯಾಮಿ ಸಿಕ್ಕಿದ್ದು 47ಕ್ಕೆ, ಎಲ್ಎಲ್ ಕೂಲ್ ಜೆ 56ಕ್ಕೆ ಹೊಸ ಆಲ್ಬಮ್ ತಂದ. ಅವರಿಗೆ ಆ ಸಂಕೋಚ ಇದ್ದಂತಿಲ್ಲ. ಆದರೂ ಆಂಡ್ರೆಯ ಚಿಂತೆ ಸುಳ್ಳಲ್ಲ. ಸೊರಗುವ ಮೈಯನ್ನು ಹಾಡುವ ದಾರಿ ಅವನ ಕಲೆಯಲ್ಲಿ ಇನ್ನೂ ತಯಾರಾಗಿಲ್ಲ. ನಮ್ಮಲ್ಲಿ ಆ ದಾರಿ ಹಳೆಯದು. ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ವಪದಗಳನ್ನು ತಿಂಥಣಿ, ಕೊಡೇಕಲ್ ಕಡೆಯ ಭಜನೆಗಳಲ್ಲಿ ಕೇಳಿದವರಿಗೆ ಗೊತ್ತು. ಜೀರ್ಣವಾಗುವ ದೇಹವೇ ಅಲ್ಲಿ ವಸ್ತು. ಏಕತಾರಿ ಹಿಡಿದ ಕೈ ನಡುಗಿದರೆ ಪದಕ್ಕೆ ತೂಕವೇ ಬರುತ್ತದೆ.

ಆದರೆ ಇದರಲ್ಲೂ ಒಂದು ಜಾಲ ಅದ. ವಯಸ್ಸಾದವರು ಸಾವನ್ನೇ ಹಾಡಲಿ, ವೈರಾಗ್ಯವನ್ನೇ ಹಾಡಲಿ ಅಂತ ನಾವು ಒಳಗೊಳಗೇ ಗೆರೆ ಎಳೆದಿರುತ್ತೇವೆ. ಎಪ್ಪತ್ತರ ನಾಗೇಶಿ ಹಾಡುಗಾರ್ತಿಯೊಬ್ಬಳಿಗೆ ಗಂಡಸರನ್ನು ಕೆಣಕುವ ಪೋಲಿ ಪದ ಹಾಡಬೇಕು ಅನ್ನಿಸಿದರೆ? ಅವಳು ಮೂವತ್ತು ವರ್ಷ ಹಾಡಿದ್ದೇ ಅದು, ಅವಳ ನಾಲಿಗೆ ಹದವಾಗಿರುವುದೂ ಅದರಲ್ಲೇ. 'ಯವ್ವಾ, ಈ ವಯಸ್ಸಿನಾಗ ಇದೆಲ್ಲಾ ಯಾಕಬೇ, ಒಂದು ದೇವರ ಪದ ಹಾಡು' ಅನ್ನುತ್ತೇವೆ. ಗಂಡು ಹಾಡುಗಾರನಿಗೆ ಈ ಮಾತು ಅರವತ್ತಕ್ಕೆ ಬಂದರೆ ಹೆಂಗಸಿಗೆ ನಲವತ್ತಕ್ಕೇ ಬರುತ್ತದೆ. ಮೇಳಕ್ಕೆ ಬುಲಾವು ಕೊಡುವವರು ಮೊದಲು ಕೇಳುವುದು ದನಿಯನ್ನಲ್ಲ, 'ಹಾಡಾಕಿ ಸಣ್ಣಾಕಿ ಇದ್ದಾಳೋ ಇಲ್ಲೋ' ಅಂತ.

ಸರ್ಕಾರದ ಲೆಕ್ಕ ಇದಕ್ಕೆ ತದ್ವಿರುದ್ಧ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನಕ್ಕೆ 58 ತುಂಬಿರಬೇಕು. ಅಂದರೆ ನಲವತ್ತಕ್ಕೆ ವೇದಿಕೆ ಕಳಕೊಂಡಾಕಿ 58ರ ತನಕ ಹತ್ತಿ ಬಿಡಿಸಬೇಕು, ಇಲ್ಲವೇ ಗುಳೆ ಹೋಗಬೇಕು. ಮೇಲೆ ಹಾಡಿದ್ದಕ್ಕೆ ದಾಖಲೆ ಕೇಳುತ್ತಾರೆ: ಪ್ರಮಾಣಪತ್ರ, ಫೋಟೋ, ಪತ್ರಿಕೆಯ ತುಣುಕು. ರಾತ್ರಿ ಕಂದೀಲಿನ ಬೆಳಕಿನಲ್ಲಿ ಹಾಡಿದವರಿಗೆ ಯಾವ ಪ್ರಮಾಣಪತ್ರ? ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ ಪದ್ಮಶ್ರೀ ಬಂದಿದ್ದು 2025ರಲ್ಲಿ, 96ನೇ ವಯಸ್ಸಿಗೆ. ಸಂತೋಷದ ಸುದ್ದಿಯೇ. ಆದರೆ ನಡುವಿನ ಐವತ್ತು ವರ್ಷ ದಿಲ್ಲಿ ಏನು ಮಾಡುತ್ತಿತ್ತು ಅಂತ ಕೇಳದೆ ಆ ಸಂತೋಷ ಪಡುವುದು ನನಗಂತೂ ಕಷ್ಟ.

ಇನ್ನು ಅಂಕಿತದ ವಿಷಯ. ನಮ್ಮ ಪದಗಳಲ್ಲಿ ಕೊನೆಯ ನುಡಿಗೆ ಕಟ್ಟಿದವನ ಅಂಕಿತ ಇರುತ್ತದೆ, ಊರ ಹೆಸರಿರುತ್ತದೆ, ಗುರುವಿನ ಹೆಸರಿರುತ್ತದೆ. ಓದು-ಬರಹ ಬರದವರು ತಮ್ಮ ಆಸ್ತಿಗೆ ಬರೆದಿಟ್ಟ ಉತಾರ ಅದು. ಈಗ ಅದೇ ಧಾಟಿ, ಅದೇ ಪಲ್ಲವಿ ಎತ್ತಿಕೊಂಡು ಡಿಜೆ ಬೀಟ್ ಹಚ್ಚಿ ಯೂಟ್ಯೂಬಿಗೆ ಹಾಕುವಾಗ ಮೊದಲು ಕತ್ತರಿ ಬೀಳುವುದು ಕೊನೆಯ ನುಡಿಗೇ. ಮೂರು ನಿಮಿಷಕ್ಕೆ ಹಾಡು ಮುಗಿಯಬೇಕಲ್ಲ. ಚಾನೆಲ್ಲಿನವನ ಹೆಸರು, ಎಡಿಟರ್ ಹೆಸರು, ಕ್ಯಾಮೆರಾದವನ ಹೆಸರು ಬರುತ್ತವೆ. ಪದ ಕಟ್ಟಿದವನ ಜಾಗದಲ್ಲಿ 'ಜಾನಪದ' ಅಂತ ಇರುತ್ತದೆ. ಜೀವಂತ ಇದ್ದು, ಮನೆ ಮುಂದೆ ಕುಂತು ಬೀಡಿ ಸೇದುತ್ತಿರುವ ಮನುಷ್ಯನನ್ನು 'ಜಾನಪದ' ಅಂತ ಬರೆಯುವುದಕ್ಕಿಂತ ದೊಡ್ಡ ಅವಮಾನ ಯಾವುದದ?

ಶಹಾಪುರದ ಹುಡುಗನ ಹೊಸ ಹಾಡಿನ ಹಿಂದೆ ಒಂದು ತುಂತುಣಿ ನುಡಿಯುತ್ತದೆ. ಯಾರದು ಅಂತ ಕೇಳಿದೆ. ಅವನ ತಾಯಿಯ ತವರೂರಿನ ಒಬ್ಬ ಮುತ್ಯಾನದಂತೆ, ಮೊಬೈಲಿನಲ್ಲಿ ಹಿಡಕೊಂಡು ಬಂದದ್ದು. ಹೆಸರು ಹಾಕಿದೆಯಾ ಅಂದೆ. ಇಲ್ಲ. ರೊಕ್ಕ ಕೊಟ್ಟೆಯಾ ಅಂದೆ. ಅವನು ನಕ್ಕ. "ಹೋದ ಜಾತ್ರಿಗಿ ಶಾಲು ಹಾಕೀನ್ರಿ ಸರ."